ಹತ್ತುವುದಕ್ಕೊಂದು ಮರ

ಬಡಗಿಗೆ ಮರ ಕಂಡರೆ ಹಲಗೆ ಕಾಣುತ್ತಿತ್ತು. ನಲವತ್ತು ದಾಟುವವರೆಗೂ ಒಂಟಿಯಾಗಿದ್ದವನು, ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ, ಗಂಡ ತೀರಿಕೊಂಡಿದ್ದ ಹೆಂಗಸನ್ನು ಮದುವೆಯಾಗಿ, ಅವಳ ಒಂಬತ್ತು ವರ್ಷದ ಮಗಳೂ ಸೇರಿ ಮೂವರೂ ಹೊಸ ಮನೆಗೆ ಬಂದ ಮೇಲೂ ಆ ಚಾಳಿ ಬಿಡಲಿಲ್ಲ. ಬಾಗಿಲು, ಕಿಟಕಿ, ಅಡುಗೆಮನೆಯ ಕಪಾಟು ಎಲ್ಲವೂ ಅವನ ಕೈಕೆಲಸವೇ. ಹೊರಗೆ ಮಾತ್ರ ಗೇಟಿನಿಂದ ಮೆಟ್ಟಿಲವರೆಗೂ ಬೋಳು ಮಣ್ಣು. ಅದರ ತುಂಬ ಗಾರೆಯ ಚೂರು, ಇಟ್ಟಿಗೆಪುಡಿ.

"ಒಳಗೆಲ್ಲ ನಿಮ್ಮಿಷ್ಟದಂತೆ ಆಯ್ತು. ಹೊರಗಡೆ ನಮಗೆ ಬಿಡಿ," ಎಂದಳು ಹೆಂಡತಿ.

ಭಾನುವಾರ ಮೂವರೂ ನರ್ಸರಿಗೆ ಹೋದರು. ಹೆಂಡತಿ ಕಾಂಪೌಂಡಿಗೆ ಹಬ್ಬಿಸಲು ಮಲ್ಲಿಗೆ, ಅಡುಗೆಮನೆಯ ಕಿಟಕಿ ಪಕ್ಕಕ್ಕೆ ನಿಂಬೆ ಆರಿಸಿಕೊಂಡಳು. ಬಡಗಿ ಬೇವಿನ ಸಸಿಯ ಮುಂದೆ ಕೈಕಟ್ಟಿ ನಿಂತ.

"ಇದು ಬೆಳೆದರೆ ಒಳ್ಳೇ ಮಂಚ ಆಗುತ್ತೆ."

"ಮಂಚ ಮನೇಲಿದೆ. ನೆರಳೆಷ್ಟು ಕೊಡುತ್ತೆ ಅದನ್ನ ಹೇಳಿ."

ಮಗಳನ್ನು ತಾಯಿ 'ಮೆಣಸು' ಎಂದು ಕರೆಯುತ್ತಿದ್ದಳು. ಗಾತ್ರವೂ ಅಷ್ಟೇ, ಖಾರವೂ ಅಷ್ಟೇ. ಆದರೆ ಬಡಗಿಯ ಮುಂದೆ ಅವಳು ಬಾಯಿಗೆ ಬೀಗ ಹಾಕಿಕೊಂಡೇ ಇರುತ್ತಿದ್ದಳು. ಅಂಥವಳು ಅಂದು ತಾನಾಗಿಯೇ ಅವನ ಹತ್ತಿರ ಬಂದು, "ಇದರಲ್ಲಿ ಹತ್ತೋಕೆ ಯಾವ ಮರ ಒಳ್ಳೇದು? ನಿಮಗೆ ಗೊತ್ತಾ?" ಎಂದಳು. ಹುಟ್ಟಿದಾಗಿನಿಂದ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ ಬೆಳೆದ ಮಗು.

ಬಡಗಿಗೆ ಹಿಗ್ಗು ತಡೆಯಲಾಗಲಿಲ್ಲ. "ನುಗ್ಗೆ ಬೇಡವೇ ಬೇಡ, ಕಾಲಿಟ್ಟರೆ ಲಟಕ್ ಅನ್ನುತ್ತೆ. ಸೀಬೆ ನೋಡು, ಕೊಂಬೆ ಬಾಗುತ್ತೆ, ಆದರೆ ಬೀಳಿಸಲ್ಲ," ಎಂದು ಸಸಿಯೊಂದನ್ನು ಎತ್ತಿ ತೋರಿಸಿದ.

ಅದು ಅವಳ ಮೊಣಕಾಲಿಗೂ ಬರುತ್ತಿರಲಿಲ್ಲ. "ಇದನ್ನ ನಾನು ಹತ್ತೋದೋ, ಇದು ನನ್ನನ್ನ ಹತ್ತೋದೋ?" ಎಂದು ಕೇಳಿ, ಮೆಣಸು ದೂರದ ಕಟ್ಟೆಯ ಮೇಲೆ ಹೋಗಿ ಕೂತುಬಿಟ್ಟಳು. ನರ್ಸರಿಯವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

ಬಡಗಿಗೆ ನಗು ಬರಲಿಲ್ಲ. ಮಗು ಮೊದಲ ಸಲ ಏನೋ ಕೇಳಿದೆ, ಬರಿಗೈ ತೋರಿಸುವುದು ಹೇಗೆ? ಆ ವಾರ ಅವನು ಕಿಟಕಿ ಕೂರಿಸುತ್ತಿದ್ದ ಮನೆಯವರು, ಕಾರು ನಿಲ್ಲಿಸಲು ಜಾಗ ಬೇಕೆಂದು ಅಂಗಳದ ಸೀಬೆಮರ ಕಡಿಸುವುದರಲ್ಲಿದ್ದರು. ಅವನು ಅದನ್ನು ಕೇಳಿ ಪಡೆದ.

"ಬೆಳೆದ ಮರಾನ ಕೀಳ್ತೀರಾ? ಈ ಬಿಸಿಲಲ್ಲಾ? ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರೆ," ಎಂದಳು ಹೆಂಡತಿ.

"ಅವಳು ಈಗ ಹತ್ತಬೇಕು. ಮೊಮ್ಮಕ್ಕಳಾದ ಮೇಲಲ್ಲ."

ಬಣ್ಣದ ಕೆಲಸದ ಇಬ್ಬರನ್ನು ಜೊತೆಗೆ ಹಾಕಿಕೊಂಡು ಇಡೀ ದಿನ ಅಗೆದ. ಬುಡದ ಮಣ್ಣಿಗೆ ಗೋಣಿ ಸುತ್ತಿ, ಲಗೇಜ್ ಗಾಡಿಯಲ್ಲಿ ಮಲಗಿಸಿ ತಂದಾಗ ಬೀದಿಗೆ ಬೀದಿಯೇ ಹೊರಗೆ ಬಂದು ನಿಂತಿತು. ಮೆಣಸು ಗೇಟಿಗೆ ಜೋತುಬಿದ್ದು ಬಿಟ್ಟ ಬಾಯಿ ಮುಚ್ಚದೆ ನೋಡಿದಳು. ಕೀಳುವಾಗ ತಾಯಿಬೇರು ಅರ್ಧಕ್ಕೇ ಕತ್ತರಿಸಿಹೋಗಿದ್ದನ್ನು ಬಡಗಿ ಯಾರಿಗೂ ಹೇಳಲಿಲ್ಲ.

"ಬೇರು ಹಿಡೀಲಿ, ಆಮೇಲೆ ಹತ್ತುವೆಯಂತೆ," ಎಂದು ಸುತ್ತ ಊರುಗೋಲು ಕೊಟ್ಟು ನಿಲ್ಲಿಸಿದ. ಕೆಲಸಕ್ಕೆ ಹೋಗುವ ಮುಂಚೆ ನೀರು, ಬಂದ ಮೇಲೆ ನೀರು. ಮಧ್ಯಾಹ್ನದ ಬಿಸಿಲಿಗೆ ಹಳೆಯ ಚಾದರ ಕಟ್ಟಿದ. ಉಗುರಿನಿಂದ ತೊಗಟೆ ಕೆರೆದರೆ ಒಳಗೆ ಹಸಿರಿದೆಯೋ ಇಲ್ಲವೋ ತಿಳಿಯುತ್ತದೆಂದು ಮೆಣಸಿಗೆ ಹೇಳಿಕೊಟ್ಟ. ಅವಳು ಸ್ಕೂಲಿನಿಂದ ಬಂದವಳೇ ಚೀಲ ಎಸೆದು ಮರ ಕೆರೆಯುತ್ತಿದ್ದಳು. ಎಲೆ ಹಳದಿಯಾದವು, ಉದುರಿದವು. ಒಂದು ಸಂಜೆ ಬಡಗಿ ತಾನೇ ಕೆರೆದು ನೋಡಿದ. ಕಂದು. ಇನ್ನೂ ಕೆಳಗೆ, ಬುಡದಲ್ಲಿ, ಅಲ್ಲೂ ಕಂದು.

ಅವನು ಮೆಟ್ಟಿಲ ಮೇಲೆ ಕುಸಿದು ಕೂತ. ಬದುಕೆಲ್ಲ ಮರ ಕೊಯ್ದೇ ಅನ್ನ ತಿಂದವನ ಕಣ್ಣಲ್ಲಿ ಒಂದು ಮರಕ್ಕಾಗಿ ನೀರು ಬಂತು. ಮೆಣಸು ಬಂದು ಪಕ್ಕದಲ್ಲಿ ಕೂತಳು.

"ಸತ್ತೋಯ್ತಾ?"

"ಹೂಂ. ತಾಯಿಬೇರು ಕಡಿದುಬಿಟ್ಟಿದ್ದೆ ಪುಟ್ಟ. ಬದುಕಿಕೊಳ್ಳುತ್ತೇನೋ ಅಂತ ಸುಮ್ಮನಿದ್ದೆ."

ಅವಳು ತನ್ನ ಅಂಗಿಯ ತೋಳಿನ ಅಂಚಿನಿಂದ ಅವನ ಕೆನ್ನೆ ಒರೆಸಿ, "ಚಿಕ್ಕದನ್ನೇ ತರೋಣ. ನಾನು ಕಾಯ್ತೀನಿ. ನೀನು ಅಳಬೇಡ," ಎಂದಳು.

ಅದುವರೆಗೂ ಅವಳು ಅವನಿಗೆ 'ನೀವು' ಎನ್ನುತ್ತಿದ್ದಳು, ಮನೆಗೆ ಬಂದವರಿಗೆ ಅನ್ನುವ ಹಾಗೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ತಟ್ಟನೆ ನಿಂತಿತು. ಬಡಗಿ ಮಾತ್ರ ಏನೂ ಗಮನಿಸದವನಂತೆ ಕೂತಿದ್ದ. ಗಮನಿಸಿದ್ದು ತಿಳಿದರೆ ಎಲ್ಲಿ ಮತ್ತೆ 'ನೀವು' ಆಗಿಬಿಡುತ್ತದೋ ಎಂಬ ಭಯ.

ಭಾನುವಾರ ಮತ್ತೆ ನರ್ಸರಿ. ಈ ಸಲ ಮೆಣಸೇ ಮುಂದೆ. ಬೇಗ ಬೆಳೆಯುವುದು ಯಾವುದು, ಹಣ್ಣು ಕೊಡುವುದು ಯಾವುದು ಎಂದು ನರ್ಸರಿಯವಳ ಪ್ರಾಣ ತಿಂದು, ಕೊನೆಗೆ ಹಿಪ್ಪುನೇರಳೆ ಆರಿಸಿದಳು. ಗುಂಡಿ ಬಡಗಿ ತೋಡಿದ, ಸಸಿಯನ್ನು ನೆಟ್ಟಗೆ ಅವಳು ಹಿಡಿದಳು.

ಒಣಗಿದ ಸೀಬೆಯನ್ನು ಕಡಿಯಲು ಹೋದಾಗ ಅವಳೇ ತಡೆದಳು. "ಸತ್ತ ಮರ ಹತ್ತಬಾರದಾ?"

ಬಡಗಿ ಕಾಂಡವನ್ನು ತಟ್ಟಿ ನೋಡಿದ. ಕಬ್ಬಿಣದಂತಿತ್ತು. ಸಣ್ಣ ಕೊಂಬೆ ಸವರಿ, ಚೂಪೆಲ್ಲ ಉಜ್ಜಿ, ಬುಡಕ್ಕೆ ಕಾಂಕ್ರೀಟು ಸುರಿದ. ಅದು ಗಟ್ಟಿಯಾದ ಮೇಲೆ ಮೊದಲು ತಾನೇ ಹತ್ತಿ ಕುಪ್ಪಳಿಸಿ ನೋಡಿದ.

"ಅಪ್ಪ ಮಗಳು ಇಬ್ಬರಿಗೂ ತಲೆ ಕೆಟ್ಟಿದೆ," ಎಂದು ಹೆಂಡತಿ ಆಚೆಮನೆಯವರಿಗೆ ಹೇಳುವುದು ಅವನಿಗೆ ಮೇಲಿನಿಂದ ಕೇಳಿಸಿತು. ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದ. ಕೆಳಗೆ ಮೆಣಸು, ತನ್ನ ಸರದಿ ಯಾವಾಗ ಎಂದು ಅವನ ಚಪ್ಪಲಿ ಹಿಡಿದು ಜಗ್ಗುತ್ತಿದ್ದಳು.