ನಾಲ್ಕು ಗಂಟೆಯ ಹಬೆ

ಜಮೀಲುನ್ನೀಸಾ ನನ್ನನ್ನು ಕಾಪಿಗೆ ಬಾ ಅಂತ ಕರೆದದ್ದು ಒಂದೇ ಸಲ, ಮೊದಲನೆಯ ದಿನ. ಆಮೇಲೆ ಆರು ವರ್ಷ ಕರೆಯಲೇ ಇಲ್ಲ. ಕರೆಯುವ ಅಗತ್ಯ ಇರಲಿಲ್ಲ. ಕೊಟ್ಟಿಗೆಹಾರದ ಅಂಗಡಿಸಾಲು ದಾಟಿ ಸ್ವಲ್ಪ ಇಳಿದರೆ ನಮ್ಮ ಎರಡು ಮನೆ. ನಡುವೆ ಒಂದೇ ಗೋಡೆ. ಸಂಜೆ ನಾಲ್ಕಕ್ಕೆ ಗೋಡೆಯ ಆಚೆ ಅವಳು ಕಾಪಿ ಮೆಷಿನ್ನಿನ ಹಬೆ ಬಿಟ್ಟರೆ ಬುಸ್ಸೆಂದು ಸದ್ದು ಬರುತ್ತಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದೆ. ಹೋಗಿ ಕೂರುವ ಹೊತ್ತಿಗೆ ಲೋಟ ಮೇಜಿನ ಮೇಲೆ ಇರುತ್ತಿತ್ತು.

ಅವಳು ತೀರಿಕೊಂಡು ಮೂರು ತಿಂಗಳಾಯಿತು.

ಮೆಷಿನ್ನು ಅಂದರೆ ಹೋಟೆಲಿನದರ ಹಾಗೆ ದೊಡ್ಡದಲ್ಲ. ಮನೆಯಲ್ಲಿ ಇಟ್ಟುಕೊಳ್ಳುವಂಥದು, ಅಕ್ಕಿ ಡಬ್ಬದಷ್ಟು ಗಾತ್ರ. ಹಿಂದೆ ನೀರು ತುಂಬಬೇಕು, ಮುಂದೆ ಪುಡಿ ತುಂಬಿದ ಹಿಡಿಕೆಯ ಬಟ್ಟಲು ಸಿಕ್ಕಿಸಬೇಕು, ಗಟ್ಟಿ ಡಿಕಾಕ್ಷನ್ ಇಳಿಯುತ್ತದೆ. ಬದಿಯಲ್ಲಿ ಒಂದು ನಾಬ್, ಅದರ ಕೆಳಗೆ ಬಾಗಿದ ಸಣ್ಣ ಕೊಳವೆ. ನಾಬ್ ತಿರುಗಿಸಿದರೆ ಕೊಳವೆಯಿಂದ ಹಬೆ ಬಂದು ಹಾಲನ್ನು ಕಾಯಿಸಿ ನೊರೆ ಎಬ್ಬಿಸುತ್ತದೆ. ಯಾವುದೋ ಹೋಂಸ್ಟೇಯವರು ಕೆಟ್ಟಿತೆಂದು ಮೂಲೆಗೆ ಹಾಕಿದ್ದನ್ನು ಅವಳ ಗಂಡ ಮೊಹಿದ್ದೀನಣ್ಣ ತಂದು ಸರಿ ಮಾಡಿದ್ದರು. ನಲವತ್ತು ವರ್ಷ ಜೀಪು, ಕಾಪಿಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಸ್ಪ್ರೇ ಪಂಪು ಅಂತ ಎಸ್ಟೇಟುಗಳಿಗೆಲ್ಲ ರಿಪೇರಿ ಮಾಡಿದವರು ಅವರು.

ಕಳೆದ ಗುರುವಾರ ಅವರೇ ಬಾಗಿಲಿಗೆ ಬಂದು ನಿಂತರು.

"ಪಾಪಮ್ಮ, ಭಾನುವಾರ ಮಗಳು ಕೈನಾತ್ ಬರ್ತಾಳೆ. ಚಿಕ್ಕಮಗಳೂರಿಗೆ ಕರ್ಕೊಂಡು ಹೋಗ್ತಾಳಂತೆ. ಕಣ್ಣಿನ ಪೊರೆ ತೆಗೆಸಬೇಕು. ಆಮೇಲೂ ಅಲ್ಲೇ ಇರಿ ಅಂತಾಳೆ."

"ಮನೆ?"

"ಬೀಗ ಹಾಕೋದು."

"ಮೆಷಿನ್ನು?"

ಮೂರು ತಿಂಗಳಿಂದ ಬಾಯಿಗೆ ಬಂದು ನಿಲ್ಲುತ್ತಿದ್ದ ಮಾತು ಅದು.

"ಸರಿ ಇದ್ದಿದ್ರೆ ನಿಮಗೇ ಅಂತ ಇತ್ತು. ಆದ್ರೆ ಅದರ ಹಬೆ ಕೆಟ್ಟಿದೆಯಲ್ಲ. ಅವಳು ಹೋಗೋಕೆ ಮುಂಚೆಯೇ ತೊಂದರೆ ಕೊಡ್ತಿತ್ತು. ಗುಜರಿಗೆ ಹಾಕ್ತೀನಿ."

"ಕೆಟ್ಟಿದ್ರೂ ಕೊಡಿ. ಇಟ್ಕೋತೀನಿ."

"ಅದಾಗಲ್ಲ ಮಾರಾಯ್ತಿ. ಕೆಟ್ಟ ಮೆಷಿನ್ನು ನನ್ನ ಕೈಯಿಂದ ಇನ್ನೊಬ್ಬರ ಮನೆಗೆ ಹೋದದ್ದಿಲ್ಲ. ಎಪ್ಪತ್ತನಾಲ್ಕನೇ ವರ್ಷಕ್ಕೆ ಅದನ್ನ ಶುರು ಮಾಡ್ಲಾ?"

"ಹಾಗಿದ್ರೆ ಸರಿ ಮಾಡಿ."

ಅವರು ಎರಡೂ ಕೈ ಚಾಚಿ ತೋರಿಸಿದರು. ಬೆರಳುಗಳು ತಾವಾಗಿಯೇ ನಡುಗುತ್ತಿದ್ದವು. "ಈ ಕಣ್ಣಿಗೆ ಒಂದು ಸ್ಕ್ರೂ ಎರಡಾಗಿ ಕಾಣುತ್ತೆ. ಕೈ ಮೂರನೇದಕ್ಕೆ ಹೋಗುತ್ತೆ."

"ನನ್ನ ಕೈ ಇದೆಯಲ್ಲ. ನೀವು ಹೇಳಿ, ನಾನು ಬಿಚ್ತೀನಿ."

"ನೀವು ಕಾಪಿಬೀಜ ಆರಿಸಿದವರು."

"ಮೂವತ್ತೊಂದು ವರ್ಷ. ನಿಮ್ಮ ಸ್ಕ್ರೂ ಬೀಜಕ್ಕಿಂತ ಸಣ್ಣದಾ?"

ಅವರು ನಕ್ಕರು. ಜಮೀಲಾ ಹೋದ ಮೇಲೆ ಆ ಮನುಷ್ಯ ನಕ್ಕದ್ದನ್ನು ನಾನು ಅವತ್ತೇ ನೋಡಿದ್ದು.

ಕಾಪಿ ನಮ್ಮ ಕಡೆ ಯಾರ ಮನೆಗೆ ಹೋದರೂ ಸಿಗುತ್ತದೆ. ನನಗೆ ಬೇಕಿದ್ದದ್ದು ಆ ಸದ್ದು. ಮೂರು ತಿಂಗಳಿಂದ ನಾಲ್ಕು ಗಂಟೆ ಬರುತ್ತಿತ್ತು, ಹೋಗುತ್ತಿತ್ತು. ನಾನು ಮಂಚದ ತುದಿಯಲ್ಲಿ ಗೋಡೆ ನೋಡುತ್ತ ಕೂತಿರುತ್ತಿದ್ದೆ. ದಿನದಲ್ಲಿ ಬೇರೆ ಯಾವ ಹೊತ್ತನ್ನೂ ಹೇಗೋ ಕಳೆಯಬಹುದು. ಅದೊಂದು ಹೊತ್ತು ಮಾತ್ರ ದಾಟುತ್ತಿರಲಿಲ್ಲ.

ಅವತ್ತೇ ಶುರು ಮಾಡಿದೆವು. ಮೊದಲು ಒಂದು ಸಲ ಹಾಕಿ ನೋಡಿದೆವು. ನಾಬ್ ಪೂರ್ತಿ ಮುಚ್ಚಿದ್ದರೂ ಕೊಳವೆಯ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ತೆರೆದರೆ ಹಬೆ ಉಬ್ಬಸದವರ ಉಸಿರಿನ ಹಾಗೆ ಎಳೆದೆಳೆದು ಬರುತ್ತಿತ್ತು.

"ಪ್ಲಗ್ ತೆಗೀರಿ. ನಾಬ್ ತೆರೆದೇ ಇಡಿ, ಒಳಗಿದ್ದ ಹಬೆಯೆಲ್ಲ ಹೋಗ್ಲಿ. ಪೂರ್ತಿ ತಣ್ಣಗಾಗದೆ ಕೈ ಹಾಕಿದ್ರೆ ಮುಖಕ್ಕೆ ಹೊಡೀತದೆ."

ತಣ್ಣಗಾಗುವವರೆಗೆ ಕಾದೆವು. ಆಮೇಲೆ ಅವರು ಹೇಳಿದರು, "ಇದು ಜಮೀಲಾ ಮಾಡಿಟ್ಟ ಕೆಲಸ. ನಾಬ್ ತಿರುಗಿಸು ಅಂದ್ರೆ ಜೀಪಿನ ಚಕ್ರದ ನಟ್ಟು ತಿರುಗಿಸಿದ ಹಾಗೆ. ಎಷ್ಟು ಸಲ ಬೈದಿದ್ದೀನಿ, ನಿಂದು ಒರಟು ಕೈ ಅಂತ."

ನನಗೆ ಗೊತ್ತಿದ್ದ ಅವಳ ಕೈ ಬೇರೆ. ಒಂದು ಸಲ ನನ್ನ ಕಣ್ಣಿಗೆ ಬಿದ್ದ ಕಸವನ್ನು ಅವಳು ದುಪಟ್ಟದ ತುದಿಯಿಂದ ತೆಗೆದಿದ್ದಳು. ಕಸ ಹೋದದ್ದು ಗೊತ್ತಾಯಿತೇ ಹೊರತು ಬಟ್ಟೆ ತಾಗಿದ್ದು ಗೊತ್ತಾಗಿರಲಿಲ್ಲ.

ಒಂದು ಮೊರ ತಂದು ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಸಾಲಿನಲ್ಲೇ ಇಟ್ಟೆ, ಕಾಪಿ ಹದ ಮಾಡುವ ಕ್ಯೂರಿಂಗ್ ವರ್ಕ್ಸಿನಲ್ಲಿ ಬೀಜ ಬೇರೆ ಮಾಡಿ ಇಡುತ್ತಿದ್ದ ಹಾಗೆ. ಮೊಹಿದ್ದೀನಣ್ಣ ಮೊರದ ಅಂಚನ್ನು ಮುಟ್ಟಿ ನೋಡಿ, "ನನ್ನ ಗ್ಯಾರೇಜಲ್ಲಿ ಇಂಥವರು ಒಬ್ಬರೂ ಇರ್ಲಿಲ್ಲ" ಅಂದರು. ನಾಬಿನ ಒಳಗಿನ ರಬ್ಬರ್ ವಾಷರ್ ಸವೆದು ಮಧ್ಯೆ ಗೀರು ಬಿದ್ದಿತ್ತು. ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಶುಕ್ರವಾರ ಬೆಳಿಗ್ಗೆ ಮೂಡಿಗೆರೆಗೆ ಬಸ್ಸು ಹತ್ತಿದೆ. ನಾಲ್ಕನೇ ಅಂಗಡಿಯಲ್ಲಿ ಅದೇ ಅಳತೆಯದು ಸಿಕ್ಕಿತು.

ಹೊಸದನ್ನು ಕೂರಿಸಿದ ಮೇಲೆ ತೊಟ್ಟಿಕ್ಕುವುದು ನಿಂತಿತು. ನನಗೆ ಅಷ್ಟಕ್ಕೇ ಸಂತೋಷವಾಗಿತ್ತು. ನಾಬ್ ತೆರೆದೆ. ಹಬೆ ಮಾತ್ರ ಹಿಂದಿನ ಹಾಗೆಯೇ ಉಬ್ಬಸಪಟ್ಟಿತು.

ಅವರು ಕತ್ತು ವಾಲಿಸಿ ಕೇಳಿಸಿಕೊಂಡರು. "ಕೊಳವೆ ತುದಿಗೆ ಪಿನ್ ಹಾಕಿ."

ಹಾಕಿದೆ. "ಸಲೀಸಾಗಿ ಹೋಯ್ತು."

"ಹಾಗಿದ್ರೆ ಅಲ್ಲಿ ಕಟ್ಟಿಲ್ಲ. ಒಳಗೆ ಬಿಸಿ ಸಾಲ್ತಿಲ್ಲ. ಥರ್ಮೋಸ್ಟಾಟ್ ಹೋಗಿರಬೇಕು. ಇಷ್ಟು ಹಳೇ ಮಾಡೆಲ್ಲಿಗೆ ಅದು ಎಲ್ಲೂ ಸಿಗಲ್ಲ." ಸ್ಕ್ರೂಡ್ರೈವರ್ ಎತ್ತಿಟ್ಟು, "ಬಿಡಿ ಪಾಪಮ್ಮ. ನಾಳೆ ಮಧ್ಯಾಹ್ನ ಗುಜರಿ ಗಾಡಿ ಬರುತ್ತೆ" ಅಂದರು. ಟವೆಲು ತಂದು ಮೆಷಿನ್ನಿನ ಮೇಲೆ ಹೊದಿಸಿದರು. ಯಾರಿಗೋ ಹೊದಿಸಿದ ಹಾಗೆ ಕಂಡಿತು. ನಾನು ಬೇಗ ಎದ್ದು ಬಂದೆ.

ಶನಿವಾರ ಬೆಳಿಗ್ಗೆ ಪಾತ್ರೆ ಕಟ್ಟಿಕೊಡುವ ನೆಪ ಮಾಡಿಕೊಂಡು ಹೋದೆ. ಅಡುಗೆಮನೆಯ ಕಿಟಕಿಯಿಂದ ಕಟ್ಟೆಯವರೆಗೆ ಇರುವೆಯ ಸಾಲು. ಸಾಲು ಟವೆಲಿನ ಅಡಿಗೆ ಹೋಗಿತ್ತು. ಟವೆಲು ಎತ್ತಿದೆ. ಕೊಳವೆಯ ತುದಿಯ ಕೆಳಗೆ, ತಟ್ಟೆಯ ಮೇಲೆ, ನಿನ್ನೆಯ ಹಬೆಗೆ ಇಳಿದ ಒಂದು ಕಂದು ಹನಿ ಒಣಗಿತ್ತು. ಅದರ ಸುತ್ತ ಇರುವೆ. ಕೆಲವು ಕೊಳವೆಯ ಒಳಗೇ ಹತ್ತಿದ್ದವು.

ಬೆರಳು ಒತ್ತಿದೆ, ಅಂಟಿತು. ಮೂಸಿ ನೋಡಿದೆ. ಬೀಜ ಆರಿಸುವವರು ಕಣ್ಣಿಗೆ ಅನುಮಾನ ಬಂದರೆ ಅಂಗೈಯಲ್ಲಿ ಹಿಡಿದು ಮೂಸುತ್ತೇವೆ, ಆ ಅಭ್ಯಾಸ ಹೋಗಿಲ್ಲ.

"ಮೊಹಿದ್ದೀನಣ್ಣ, ಈ ಕೊಳವೆಗೆ ಡಿಕಾಕ್ಷನ್ ತಾಗುತ್ತಾ?"

"ಇಲ್ಲ. ಅದು ಹಾಲಿಗೆ ಮಾತ್ರ."

"ಮತ್ತೆ ಈ ಕಂದು ನೀರು?"

"ತುಕ್ಕು ಇರಬಹುದು."

"ತುಕ್ಕಿಗೆ ಇರುವೆ ಬರುತ್ತಾ?"

ಅವರು ಎದ್ದು ಬಂದು ಮೆಷಿನ್ನಿನ ಹತ್ತಿರ ಮುಖ ತಂದರು. "ಈ ಮನೇಲಿ ಸಿಹಿ ಇಲ್ಲ ಮಾರಾಯ್ತಿ. ಇಬ್ಬರಿಗೂ ಶುಗರ್. ಸಕ್ಕರೆ ತಂದು ಹದಿನೈದು ವರ್ಷವಾಯ್ತು."

"ಇದು ಸಕ್ಕರೆಯಲ್ಲ, ಬೆಲ್ಲ."

ಹೇಳುತ್ತಿದ್ದ ಹಾಗೇ ನನಗೆ ಮೊದಲನೆಯ ದಿನ ನೆನಪಾಯಿತು. ನಾವು ಬೆಲ್ಲದ ಕಾಪಿಯವರು ಅಂತ ನಾನು ಅಂದದ್ದಕ್ಕೆ ಅವಳು ಎಲ್ಲಿಂದಲೋ ಒಂದು ಚೂರು ಬೆಲ್ಲ ತಂದು ಲೋಟಕ್ಕೆ ಹಾಕಿ ಕಲಕಿ ಕೊಟ್ಟಿದ್ದಳು. ನಾನು ಕುಡಿದು, ಇದ್ದದ್ದು ಇದ್ದ ಹಾಗೆ ಹೇಳಿದ್ದೆ. "ಮೇಲಿಂದ ಹಾಕಿದ್ರೆ ತಳಕ್ಕೆ ಕೂರುತ್ತೆ ಕಣೇ ಜಮೀಲಾ. ನಮ್ಮ ಎಸ್ಟೇಟಿನ ಲೈನ್ ಮನೇಲಿ ಹಾಲಿನ ಜೊತೇಲೇ ಕಾಯಿಸ್ತಿದ್ವಿ." ಮಾತಿಗೆ ಅಂದದ್ದು. ಮಾರನೆಯ ದಿನದಿಂದ ಕಾಪಿ ಮೊದಲ ಗುಟುಕಿನಿಂದ ಕೊನೆಯ ಗುಟುಕಿನವರೆಗೆ ಒಂದೇ ಸಿಹಿ. ಹೇಗೆ ಮಾಡಿದೆ ಅಂತ ಆರು ವರ್ಷದಲ್ಲಿ ಒಂದು ದಿನವೂ ಕೇಳಲಿಲ್ಲ. ನಾನು ಹೋಗುವ ಹೊತ್ತಿಗೆ ಲೋಟ ಮೇಜಿನ ಮೇಲೆ ಇರುತ್ತಿತ್ತಲ್ಲ.

ಕಪಾಟು ತೆಗೆದು ಹುಡುಕಿದೆ. ಅಕ್ಕಿಹಿಟ್ಟಿನ ಡಬ್ಬದ ಹಿಂದೆ ಒಂದು ಸಣ್ಣ ಸ್ಟೀಲ್ ಡಬ್ಬಿ. ಅದರಲ್ಲಿ ಅರ್ಧ ಅಚ್ಚು ಬೆಲ್ಲ, ತುರಿದು ತುರಿದು ಓರೆಯಾಗಿತ್ತು.

ಡಬ್ಬಿಯನ್ನು ಮೊಹಿದ್ದೀನಣ್ಣನ ಕೈಗೆ ಕೊಟ್ಟು ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದರು. ಮಾತು ಶುರುವಾದಾಗ ಮೆಕ್ಯಾನಿಕ್ಕಿನ ಧ್ವನಿಯಲ್ಲೇ ಬಂತು.

"ಹಬೆ ನಿಲ್ಲಿಸಿದ ಕೂಡಲೇ ಕೊಳವೆ ತಣ್ಣಗಾಗಿ ಸ್ವಲ್ಪ ಹಾಲನ್ನ ಒಳಕ್ಕೆ ಎಳ್ಕೊಳ್ತದೆ. ಬೆಲ್ಲದ ಹಾಲಾದ್ರೆ ಮೇಲೆ ಬಾಗಿದ ಕಡೆ ಪಾಕದ ಹಾಗೆ ಕೂತುಬಿಡ್ತದೆ. ನಿಮ್ಮ ಪಿನ್ನು ಅಲ್ಲಿಗೆ ಮುಟ್ಟಿಲ್ಲ. ದಾರಿ ಕಟ್ಟಿ ಹಬೆ ಬಾರದೆ ಅವಳು ನಾಬನ್ನ ಬಿಗಿಯಾಗಿ ತಿರುಗಿಸಿದ್ದಾಳೆ. ಮುಚ್ಚುವಾಗಲೂ ಹಾಗೇ. ಅದಕ್ಕೆ ವಾಷರ್ ಸವೆದಿದೆ." ಆಮೇಲೆ ಧ್ವನಿ ಇಳಿಯಿತು. "ನಾನು ಕೈಯನ್ನ ಬೈದೆ."

"ಬೈಸಿದ್ದು ನಾನು."

"ಒಂದು ಮಾತು ಹೇಳಬಹುದಿತ್ತಲ್ಲ ಅವಳು."

"ಹೇಳಿದ್ರೆ ಮೆಷಿನ್ನಿಗೆ ಬೆಲ್ಲ ಹಾಕ್ತೀಯಾ ಅಂತ ನೀವು ಇನ್ನೂ ಬೈತಿದ್ರಿ."

"ಬೈತಿದ್ದೆ" ಅಂದರು. ಟವೆಲು ಎತ್ತಿ ಮುಖ ಒರೆಸಿಕೊಂಡರು. "ಕೊಳವೆ ಬಿಚ್ಚಿ. ಬಿಸಿನೀರಿಗೆ ಹಾಕಿ."

ನೀರು ಲೋಟದಲ್ಲಿ ನಿಧಾನಕ್ಕೆ ಕಂದಾಯಿತು. ಮೂರು ಸಲ ಬದಲಾಯಿಸಿದೆ. ಅವರು ಹಳೇ ಬೈಕಿನ ಕ್ಲಚ್ ಕೇಬಲ್ಲು ಹುಡುಕಿ ತಂದು, ಅದರ ಒಂದು ಎಳೆ ಬಿಡಿಸಿ ಕೊಳವೆಗೆ ತೂರಿಸಿ ಅಂದರು. ಪಿನ್ನು ಬಾಗದ ಕಡೆ ಆ ಎಳೆ ಬಾಗಿತು. ಒಳಗಿಂದ ಹೊಗೆಸೊಪ್ಪಿನ ಬಣ್ಣದ ಚೂರುಗಳು ಬಂದವು. ಅಡುಗೆಮನೆಯೆಲ್ಲ ಬೆಲ್ಲ ಕಾಯಿಸಿದ ವಾಸನೆ. ಹಿತ್ತಲ ಬಾಗಿಲಲ್ಲಿ ಗುಜರಿ ಗಾಡಿಯವನು ಕೂಗಿದಾಗ ಮೊಹಿದ್ದೀನಣ್ಣ ಕೂತಲ್ಲಿಂದಲೇ, "ಏನೂ ಇಲ್ಲ ಹೋಗು ಮಾರಾಯ" ಅಂದರು.

ಕೊಳವೆ ಸಿಕ್ಕಿಸಿ, ಪ್ಲಗ್ ಹಾಕಿ, ದೀಪ ಹತ್ತುವವರೆಗೆ ಕಾದು, ಎರಡು ಬೆರಳಲ್ಲಿ ನಾಬ್ ತಿರುಗಿಸಿದೆ. ಬುಸ್ಸೆಂದು ಹಬೆ ಬಂದು ಎದುರಿನ ಗೋಡೆಗೆ ಬಡಿಯಿತು. ಅವರು ಕಣ್ಣು ಮುಚ್ಚಿ ಕೇಳಿದರು.

"ಹೂಂ. ಈಗ ಕೊಡಬಹುದು."

ಭಾನುವಾರ ಕೈನಾತ್ ಕಾರು ತಂದಳು. ಬೀಗ ಹಾಕುವ ಮುಂಚೆ ಅವರು ಮೆಷಿನ್ನನ್ನು ಮಗಳ ಕೈಯಲ್ಲಿ ಹೊರಿಸಿ ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಇಡಿಸಿದರು. ಬೆಲ್ಲದ ಡಬ್ಬಿಯನ್ನು ತಾವೇ ತಂದು ಪಕ್ಕಕ್ಕಿಟ್ಟರು. "ಹಾಲು ಕಾಯಿಸಿದ ಕೂಡಲೇ ಒದ್ದೆ ಬಟ್ಟೇಲಿ ಕೊಳವೆ ಒರೆಸಿ, ಒಂದು ಸಲ ಖಾಲಿ ಹಬೆ ಬಿಡಿ. ಅದೊಂದು ಮರೀಬೇಡಿ" ಅಂದರು. ಬೆಲ್ಲ ಹಾಕಬೇಡಿ ಅಂತ ಹೇಳಲಿಲ್ಲ. ಕಾರು ಚಿಕ್ಕಮಗಳೂರಿನ ಕಡೆ ತಿರುಗುವವರೆಗೆ ನಿಂತಿದ್ದೆ.

ಸೋಮವಾರ ನಾಲ್ಕಕ್ಕೆ ನೀರು ತುಂಬಿದೆ. ಹಾಲಿಗೆ ಬೆಲ್ಲ ತುರಿದು ಹಾಕಿ, ಕೊಳವೆಯ ಅಡಿಗೆ ಹಿಡಿದು ನಾಬ್ ತಿರುಗಿಸಿದೆ. ಗೋಡೆಯ ಆಚೆಯಿಂದ ಆರು ವರ್ಷ ಕೇಳಿದ ಅದೇ ಸದ್ದು, ಈಗ ನನ್ನ ಕೈಯಲ್ಲೇ. ಹಾಲು ಉಬ್ಬಿತು. ನಾಬ್ ಮುಚ್ಚಿ ಪಾತ್ರೆ ಕೆಳಗಿಟ್ಟೆ.

ಆಮೇಲೆ ನೋಡಿಕೊಂಡರೆ ಹೊಸ್ತಿಲ ಹತ್ತಿರ ನಿಂತಿದ್ದೇನೆ. ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ಆಗಿತ್ತು.

ಪಕ್ಕದ ಬಾಗಿಲಿನ ಬೀಗ ಅಲ್ಲಿಂದ ಕಾಣುತ್ತಿತ್ತು. ಸ್ವಲ್ಪ ಹೊತ್ತು ಹಾಗೇ ನಿಂತು ಚಪ್ಪಲಿ ಬಿಟ್ಟೆ. ಕೊಳವೆ ಒರೆಸುವುದು ಬಾಕಿ ಇತ್ತು. ಒಳಗೆ ಬಂದು ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಖಾಲಿ ಹಬೆ ಬಿಟ್ಟೆ, ಕಂದು ಹನಿ ಬೀಳುವುದು ನಿಂತು ಬರೀ ಬಿಳಿ ಹಬೆ ಬರುವವರೆಗೂ ಬಿಟ್ಟೆ.