ಹನ್ನೆರಡು ಅಕ್ಷರದ ಬೆನ್ನು

ಬಿಚ್ಚುವುದಕ್ಕೆ ಎಲ್ಲಕ್ಕಿಂತ ಸಲೀಸು ‘ಐ’ ಅಕ್ಷರ. ಎಲ್ಲಕ್ಕಿಂತ ದರಿದ್ರದ್ದು ‘ಎಸ್’. ಇನ್ನು ‘ಎ’ ಇದೆಯಲ್ಲ, ಅದಕ್ಕೆ ಹೊರಗೊಂದು ಸುತ್ತು, ಹೊಟ್ಟೆಯ ತೂತಿಗೊಂದು ಸುತ್ತು. ಒಂದು ಅಕ್ಷರಕ್ಕೆ ಎರಡು ಅಕ್ಷರದ ಕೆಲಸ. ಲೇಯಾಟಾವಾಲೇಸಾ ಎಂಬ ಹೆಸರು ಇಂಗ್ಲಿಷಿನಲ್ಲಿ ಹನ್ನೆರಡು ಅಕ್ಷರ, ಅದರಲ್ಲಿ ನಾಲ್ಕು ‘ಎ’. ಕಳೆದ ಹತ್ತು ದಿನಗಳಲ್ಲಿ ವಿಲೋಡೀನ್ ಸ್ಪ್ರಾಡ್ಲಿಂಗ್ ಆ ಹೆಸರನ್ನು ಒಂದೇ ಜರ್ಸಿಯ ಬೆನ್ನಿಗೆ ಎರಡು ಸಲ ಹೊಲಿದು, ಎರಡು ಸಲ ಬಿಚ್ಚಿದ್ದಳು.

ಯಾಲೋಬುಷಾ ಸ್ಟೇಟ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಕ್ರೀಡಾಂಗಣದ ಕೆಳಗೆ, ಕಿಟಕಿಯಿಲ್ಲದ ನೆಲಮಾಳಿಗೆಯಲ್ಲಿ, ಅವಳ ಹೊಲಿಗೆ ಯಂತ್ರ ಇಪ್ಪತ್ತೆರಡು ವರ್ಷಗಳಿಂದ ಕೂತಿತ್ತು. ಆಟದ ದಿನ ಮೇಲಿನಿಂದ ಹರಿದ ಜರ್ಸಿಗಳು ಬರುತ್ತಿದ್ದವು. ಅವಳು ತೇಪೆ ಹಾಕಿ ಮೇಲೆ ಕಳಿಸುತ್ತಿದ್ದಳು. ಅರವತ್ತು ಸಾವಿರ ಜನ ಕುಣಿಯುವಾಗ ಅವಳ ಪಾಲಿಗೆ ಬರುತ್ತಿದ್ದದ್ದು ಛಾವಣಿಯಿಂದ ಉದುರುವ ಪುಡಿ. ಗೆದ್ದರೋ ಸೋತರೋ ಎಂಬುದನ್ನು ಕಾಲುಗಳ ಸದ್ದಿನಲ್ಲೇ ಹೇಳಬಲ್ಲಳು. ಆದರೆ ಒಂದು ಆಟವನ್ನು ಮೊದಲಿನಿಂದ ಕೊನೆಯವರೆಗೆ ಕಣ್ಣಾರೆ ನೋಡಿದವಳಲ್ಲ.

ಈ ವರ್ಷ ನೋಡುವಂತಿತ್ತು. ಇಪ್ಪತ್ತೊಂಬತ್ತು ವರ್ಷಗಳ ಮೇಲೆ ಕಾಲೇಜಿಗೆ, ವರ್ಷವಿಡೀ ಚೆನ್ನಾಗಿ ಆಡಿದ ತಂಡಗಳಿಗಷ್ಟೇ ಸಿಗುವ, ದೊಡ್ಡ ಬೌಲ್ ಪಂದ್ಯ ಒಲಿದಿತ್ತು. ಹೊಸ ವರ್ಷದ ದಿನ ಅರಿಜೋನಾದಲ್ಲಿ ಮೆಸ್ಕೀಟ್ ಬೌಲ್. ಒಲಿದ ವಾರವೇ, ಹುಡುಗರನ್ನು ಅಲ್ಲಿಯವರೆಗೆ ತಂದ ಮುಖ್ಯ ಕೋಚ್ ಉತ್ತರದ ಇನ್ನೂ ದೊಡ್ಡ ವಿಶ್ವವಿದ್ಯಾಲಯಕ್ಕೆ ಹಾರಿದ. ಹಾರಿದವನು ಸುಮ್ಮನಿರದೆ ಒಬ್ಬೊಬ್ಬ ಹುಡುಗನಿಗೂ ಫೋನು ಮಾಡಿ ಕರೆಯತೊಡಗಿದ. ಹೋಗಬಯಸುವವರು ವರ್ಗಾವಣೆ ಪಟ್ಟಿಯಲ್ಲಿ ಹೆಸರು ಬರೆಸಬೇಕು. ಮೊದಲು ಬರೆಸಿದವನು ಇಯೋಸುವ ಲೇಯಾಟಾವಾಲೇಸಾ. ಕ್ವಾರ್ಟರ್‌ಬ್ಯಾಕ್ ಚೆಂಡೆಸೆಯಲು ಕೈಯೆತ್ತಿದಾಗ ಅವನ ಎಡಗಡೆ ಗೋಡೆಯಾಗಿ ನಿಲ್ಲುವವನು. ಸಮೋವಾದಿಂದ ಬಂದವನು, ಎರಡನೇ ವರ್ಷದವನು, ಬಾಗಿಲಲ್ಲಿ ಅಡ್ಡಡ್ಡವಾಗಿ ಬರುವವನು.

ಅವನು ಹೋದದ್ದರಿಂದ ಎರಡು ಘಟನೆಗಳು ನಡೆದವು. ಬೌಲ್ ಪಂದ್ಯಕ್ಕೆಂದೇ ಹೊಲಿಸಿದ ಜರ್ಸಿಗಳಲ್ಲಿ ಅವನ ಅಳತೆಯದು ಬಂದದ್ದು ಒಂದೇ; ಅದನ್ನು ಅವನ ಜಾಗಕ್ಕೆ ಬಂದ ಗಾರ್ನರ್ ನಿಕ್ಸ್ ಎಂಬ ಹುಡುಗನಿಗೆ ಕೊಡಬೇಕಾಯಿತು. ಹನ್ನೆರಡು ಅಕ್ಷರ ಬಿಚ್ಚಿ ಎನ್, ಐ, ಎಕ್ಸ್ ಎಂದು ಮೂರು ಅಕ್ಷರ ಹೊಲಿ ಎಂದರು. ಎರಡನೆಯದು, ತಂಡದ ವಿಮಾನದಲ್ಲಿ ಒಂದು ಸೀಟು ಖಾಲಿಯಾಯಿತು. ಅದನ್ನು ಸಾಮಾನು ಕೋಣೆಯ ಮುಖ್ಯಸ್ಥ ಡಾಯ್ಲ್ ಕೆಚಮ್ ವಿಲೋಡೀನಳಿಗೆ ಕೊಟ್ಟ. ಅವಳು ಆ ಬುಧವಾರವೇ ಚರ್ಚಿನ ಊಟದಲ್ಲಿ ಎಲ್ಲರಿಗೂ ಹೇಳಿದಳು. ಅಟ್ಟದಿಂದ ಸೂಟ್‌ಕೇಸು ಇಳಿಸಿದಳು.

ಗುರುವಾರ ಇಯೋಸುವ ಮನಸ್ಸು ಬದಲಿಸಿ ವಾಪಸ್ಸು ಬಂದ. ಸೀಟು ಹೋಯಿತು. ಭಾನುವಾರ ಮತ್ತೆ ಹೋದ. ಸೀಟು ಬಂತು. ಇಂದು ಗುರುವಾರ. ನಾಳೆ ಬೆಳಿಗ್ಗೆ ಎಂಟಕ್ಕೆ ಸಾಮಾನಿನ ಲಾರಿ ಹೊರಡಬೇಕು. ಅವಳು ‘ನಿಕ್ಸ್’ನ ಕೊನೆಯ ಅಕ್ಷರ ಮುಗಿಸಿ ದಾರ ಕತ್ತರಿಸುವಾಗ ಡಾಯ್ಲ್ ಮೆಟ್ಟಿಲಿಳಿದು ಬಂದ.

“ಹೇಳಬೇಡ,” ಎಂದಳು.

“ನಾನೇನೂ ಹೇಳ್ಲೇ ಇಲ್ವಲ್ಲ.”

“ಬಂದ್ನಾ?”

“ಬಂದ.”

“ಡಾಯ್ಲ್, ಈಗ ತಾನೇ ಗಂಟು ಹಾಕಿದೀನಿ. ಸೂಜಿ ಇನ್ನೂ ಬಿಸಿ ಇದೆ.”

“ನಾನೇನು ಮಾಡ್ಲಿ ವಿಲೋ? ಅವನ ಕಾಲಿಗೆ ಹಗ್ಗ ಕಟ್ಲಾ?”

“ಕಟ್ಟು. ಹಗ್ಗ ನಾನು ಕೊಡ್ತೀನಿ.”

ಡಾಯ್ಲ್ ಕಂಕುಳಿಂದ ಪ್ರಯಾಣದ ಪಟ್ಟಿ ತೆಗೆದು ಅವಳ ಮೇಜಿನ ಮೇಲಿಟ್ಟು ಅವಳ ಹೆಸರನ್ನು ರಬ್ಬರಿನಿಂದ ಉಜ್ಜಿದ. ಬರೆದು ಅಳಿಸಿ, ಬರೆದು ಅಳಿಸಿ, ಆ ಸಾಲಿನಲ್ಲಿ ಕಾಗದ ತೆಳ್ಳಗಾಗಿ ಮೇಜಿನ ಬಣ್ಣ ಕಾಣುತ್ತಿತ್ತು.

“ಮಿಕ್ಕೋರ ಹೆಸರೆಲ್ಲ ಅಚ್ಚಾಗಿದೆ. ನಂದು ಮಾತ್ರ ಪೆನ್ಸಿಲ್ಲಲ್ಲಿ ಯಾಕೆ?”

“ಅನುಭವ,” ಎಂದ ಡಾಯ್ಲ್.

“ಬ್ಯಾಂಡ್ ಬಾರಿಸೋ ಹುಡುಗೀರು ಹೋಗ್ತಾರೆ. ಕಾಲೇಜಿನ ಅಧ್ಯಕ್ಷರ ಹೆಂಡತಿ ತಂಗಿ ಹೋಗ್ತಾಳೆ, ಅವಳಿಗೆ ಚೆಂಡು ಉದ್ದಗಿದೆಯೋ ಗುಂಡಗಿದೆಯೋ ಗೊತ್ತಿಲ್ಲ. ನಾನು ಮಾತ್ರ ಇಲ್ಲಿ ಕೂತ್ಕೊಂಡು ಗೋಡೆ ನೋಡ್ಬೇಕು!”

“ನಂಗೇನು ಖುಷೀನಾ ಇದು? ಅರಿಜೋನಾದಲ್ಲಿ ಹರಿದಿದ್ದನ್ನ ಹೊಲಿಯೋರ್ಯಾರು ಅಂತ ಮೇಲೆ ಕೇಳ್ದೆ. ಗೋಂದು ಪಟ್ಟಿ ತಗೊಂಡು ಹೋಗು ಅಂದ್ರು.”

ಗೋಂದು ಪಟ್ಟಿ! ವಿಲೋಡೀನ್ ಕತ್ತರಿಯನ್ನು ಮೇಜಿನ ಮೇಲೆ ಬಿಸಾಡಿದಳು. ಅದು ಜಾರಿ ಗುಂಡಿಗಳ ಡಬ್ಬಿಯನ್ನು ಬೀಳಿಸಿತು. ಡಾಯ್ಲ್ ಅವನ್ನೆಲ್ಲ ಆರಿಸಿಕೊಟ್ಟು ಮೆಟ್ಟಿಲು ಹತ್ತಿದ.

ಅರ್ಧ ಗಂಟೆಯ ಮೇಲೆ ಇಯೋಸುವ ಬಂದ. ಛಾವಣಿಯ ಕೊಳವೆಗೆ ಬಡಿಯದಂತೆ ತಲೆ ತಗ್ಗಿಸಿ, ಒಂದು ಪೆಟ್ಟಿಗೆ ಡೋನಟ್ ಹಿಡಿದು, ಬಾಗಿಲಲ್ಲೇ ನಿಂತ.

“ಮಿಸ್ ವಿಲೋ, ಕೋಪ ಮಾಡ್ಕೊಂಡಿದೀರಂತೆ.”

“ಕೂತ್ಕೋ. ಆ ಸ್ಟೂಲ್ ಮೇಲಲ್ಲ, ಅದು ಮನುಷ್ಯರಿಗೆ. ಆ ಟ್ರಂಕಿನ ಮೇಲೆ. ತಗೋ ಈ ದಾರ ಬಿಚ್ಚೋ ಕೊಕ್ಕೆ. ನಿಕ್ಸ್ ಹೆಸರು ಬಿಚ್ಚು, ‘ಎನ್’ನಿಂದ ಶುರು ಮಾಡು. ಬಟ್ಟೆ ಹರೀತೋ, ನಿನ್ನ ಕಿವಿ ಹರಿತೀನಿ.”

ಅವನು ಕೂತ. ಅವನ ಬೆರಳ ನಡುವೆ ಆ ಸಣ್ಣ ಕೊಕ್ಕೆ ಹಲ್ಲುಕಡ್ಡಿಯಂತೆ ಕಂಡಿತು. ನಾಲಗೆ ಹೊರಚಾಚಿ, ಉಸಿರು ಬಿಗಿಹಿಡಿದು, ಒಂದೊಂದೇ ದಾರ ಎತ್ತತೊಡಗಿದ.

“ಈ ಸಲ ಗ್ಯಾರಂಟಿ, ಮಿಸ್ ವಿಲೋ.”

“ಹೋದ ಗುರುವಾರ ಅಮ್ಮನ ಮೇಲೆ ಆಣೆ ಇಟ್ಟಿದ್ದೆ.”

“ಅಮ್ಮಂಗೆ ಗೊತ್ತಾಗಿ ಫೋನಲ್ಲೇ ಬೈದ್ರು.”

“ಆಣೆ ಇಟ್ಟಿದ್ದಕ್ಕಾ, ಮುರಿದಿದ್ದಕ್ಕಾ?”

“ಎರಡಕ್ಕೂ. ಬೇರೆ ಬೇರೆಯಾಗಿ.”

ಅವಳಿಗೆ ನಗು ಬಂತು. ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. “ಅಲ್ವೋ ಮಹರಾಯ, ನಿಂಗೆ ನಿಜವಾಗಿ ಬೇಕಾಗಿರೋದಾದ್ರೂ ಏನು?”

“ಹಳೇ ಕೋಚ್ ಫೋನ್ ಮಾಡ್ದಾಗ ಅವರು ಹೇಳೋದು ಸರಿ ಅನ್ಸುತ್ತೆ. ಇಲ್ಲಿ ಹುಡುಗರ ಮುಖ ನೋಡಿದ್ರೆ ಇವರು ಹೇಳೋದೂ ಸರಿ ಅನ್ಸುತ್ತೆ. ಯಾರಿಗೂ ಇಲ್ಲ ಅನ್ನಕ್ಕೆ ಬರಲ್ಲ ನಂಗೆ.”

“ಮೈದಾನದಲ್ಲಿ ಎದುರಿಗೆ ಬಂದೋರಿಗೆಲ್ಲ ಇಲ್ಲ ಅನ್ನೋದೇ ಅಲ್ವೇನೋ ನಿನ್ನ ಕೆಲಸ?”

“ಅದು ಭುಜದಲ್ಲಿ ಹೇಳೋದು, ಮಿಸ್ ವಿಲೋ. ಬಾಯಲ್ಲಿ ಕಷ್ಟ.” ಅವನು ‘ಎನ್’ನ ಒಂದು ಕಾಲು ಬಿಡಿಸಿ ಹೆಮ್ಮೆಯಿಂದ ತೋರಿಸಿದ. “ನೀವೂ ಬರ್ತೀರಲ್ಲ ಅರಿಜೋನಾಗೆ?”

ಪಾಪ, ಅವನಿಗೆ ಗೊತ್ತಿರಲಿಲ್ಲ. ಹೇಳಿಬಿಡಬಹುದಿತ್ತು. ಹೇಳಿದರೆ ಈ ಪ್ರಾಣಿ ಅವಳಿಗೂ ಇಲ್ಲ ಎನ್ನಲಾರದೆ ಮತ್ತೆ ಹೊರಟುಬಿಟ್ಟಾನು. ಆಮೇಲೆ ಕ್ವಾರ್ಟರ್‌ಬ್ಯಾಕಿನ ಪಕ್ಕೆಲುಬು ಮುರಿದರೆ ಅದು ಇವಳ ತಲೆಗೆ.

“ಐ ಬಿಚ್ಚು,” ಎಂದಳು. “ಸುಲಭ ಇದೆ.”

ಅವನು ಹೋದಮೇಲೆ ಅವಳು ಎರಡು ಡೋನಟ್ ತಿಂದಳು. ಹಿಂದಿನ ಕೋಚ್ ಮಾಡಿಟ್ಟ ನಿಯಮವೊಂದಿತ್ತು: ಅಕ್ಷರಗಳನ್ನು ಒಂದೊಂದಾಗಿ ಜರ್ಸಿಯ ಮೇಲೆಯೇ ಹೊಲಿಯಬೇಕು, ಬೇರೆ ಪಟ್ಟಿಯ ಮೇಲೆ ಹೆಸರು ಬರೆದು ಅಂಟಿಸುವುದು ಸಣ್ಣ ಕಾಲೇಜುಗಳ ಕೆಲಸ. ನಿಯಮ ಮಾಡಿದವನೇ ಓಡಿಹೋಗಿದ್ದಾನೆ, ನಿಯಮ ಹೊತ್ತುಕೊಂಡು ತಾನೇಕೆ ಕೂರಬೇಕು? ಜರ್ಸಿಯ ಬಣ್ಣದ್ದೇ ಒಂದು ಪಟ್ಟಿ ಕತ್ತರಿಸಿದಳು. ಹನ್ನೆರಡು ಅಕ್ಷರಗಳನ್ನು ಅದರ ಮೇಲೆ ಹೊಲಿದಳು. ಆ ಪಟ್ಟಿಯನ್ನು ಜರ್ಸಿಯ ಬೆನ್ನಿಗೆ ಉದ್ದುದ್ದ ಕಚ್ಚಾ ಹೊಲಿಗೆಯಲ್ಲಿ ನಿಲ್ಲಿಸಿದಳು. ನಾಳೆ ಅವನು ಮತ್ತೆ ಓಡಿದರೆ ದಾರದ ತುದಿ ಹಿಡಿದು ಒಂದು ಎಳೆತ, ಸಾಕು. ಜರ್ಸಿ ಮಡಿಸಿ ಮೂವತ್ತೊಂದನೇ ಟ್ರಂಕಿಗೆ ಹಾಕಿ, ನಿಕ್ಸ್‌ನ ಹೆಸರನ್ನು ಅವನಿಗಿಂತ ಎರಡಳತೆ ಚಿಕ್ಕದಾದ ಜರ್ಸಿಗೆ ಹೊಲಿದು, ದೀಪ ಆರಿಸಿ ಮನೆಗೆ ಹೋದಳು. ಕಾರಿನಲ್ಲಿದ್ದ ಸೂಟ್‌ಕೇಸನ್ನು ಕೆಳಗಿಳಿಸುವ ಮನಸ್ಸೂ ಬರಲಿಲ್ಲ.

ಬೆಳಿಗ್ಗೆ ಏಳೂವರೆಗೆ ಲಾರಿ ತುಂಬಿತ್ತು. ಎಪ್ಪತ್ತೆರಡು ಟ್ರಂಕು, ಹೆಲ್ಮೆಟ್ಟಿನ ಪೆಟ್ಟಿಗೆಗಳು, ಎರಡು ಬಟ್ಟೆ ಒಗೆಯುವ ಯಂತ್ರ, ಏಕೆಂದು ಯಾರಿಗೂ ತಿಳಿಯದ ಒಂದು ಸೋಫಾ. ಹುಡುಗರು ಸಾಲಾಗಿ ನಿಂತು ಸಾಮಾನು ದಾಟಿಸಿದ್ದರು. ಇಯೋಸುವ ಕೊನೆಯ ಯಂತ್ರವನ್ನು ಒಬ್ಬನೇ ಎತ್ತಿಟ್ಟು, ಕೈ ಒರೆಸುತ್ತ ಅವಳ ಬಳಿ ಬಂದ.

“ಮಿಸ್ ವಿಲೋ, ಹೇಳಿಬಿಟ್ಟೆ.”

“ಏನು?”

“ಇಲ್ಲ ಅಂತ. ಬಾಯಲ್ಲೇ. ಹಳೇ ಕೋಚ್ ಫೋನಿಟ್ಟುಬಿಟ್ರು. ವರ್ಗಾವಣೆ ಪಟ್ಟಿಯಿಂದ ಹೆಸರು ತೆಗೆಸ್ದೆ. ಪಟ್ಟಿ ನಿನ್ನೆ ಸಾಯಂಕಾಲ ಮುಚ್ಚಿದೆ, ಇನ್ನು ಬೇಕು ಅಂದ್ರೂ ಹೋಗಕ್ಕಾಗಲ್ಲ. ನಿನ್ನೆ ಆ ಮೂರು ಅಕ್ಷರ ಬಿಚ್ಚಕ್ಕೆ ನಂಗೆ ಒಂದು ಗಂಟೆ ಹಿಡೀತು. ನೀವು ಹನ್ನೆರಡನ್ನ ಎಷ್ಟು ಸಲ ಬಿಚ್ಚಿದೀರಿ ಅಂತ ಲೆಕ್ಕ ಹಾಕ್ದೆ.”

ಇಡೀ ಡಿಸೆಂಬರಿನಲ್ಲಿ ಯಾರಾದರೂ ಅವಳಿಗೆ ಹೇಳಿದ ಒಳ್ಳೆಯ ಮಾತೆಂದರೆ ಇದೊಂದೇ. ಅವಳ ಮುಖ ಬಿಳಿಚಿಕೊಂಡಿತು.

“ಡಾಯ್ಲ್,” ಎಂದಳು, “ಮೂವತ್ತೊಂದನೇ ಟ್ರಂಕು ಎಲ್ಲಿದೆ?”

“ಎಲ್ಲಕ್ಕಿಂತ ಒಳಗೆ. ಎಲ್ಲಕ್ಕಿಂತ ಕೆಳಗೆ. ಯಾಕೆ?”

ಅವನನ್ನು ಪಕ್ಕಕ್ಕೆ ಕರೆದು ಹೇಳಿದಳು. ಮುನ್ನೂರು ಪೌಂಡಿನ ಇಬ್ಬರು ಒಬ್ಬರನ್ನೊಬ್ಬರು ಜಗ್ಗಾಡಿದರೆ ಮೊದಲ ನಿಮಿಷದಲ್ಲೇ ಆ ಪಟ್ಟಿ ಎದುರಾಳಿಯ ಕೈಯಲ್ಲಿ ಬಾವುಟದಂತೆ ಹಾರಾಡುತ್ತದೆ, ಇಡೀ ದೇಶ ಟೀವಿಯಲ್ಲಿ ನೋಡುತ್ತದೆ ಎಂದಳು.

ಡಾಯ್ಲ್ ಟೋಪಿ ತೆಗೆದ. ಹಾಕಿಕೊಂಡ. ಮತ್ತೆ ತೆಗೆದ. “ಕಚ್ಚಾ ಹೊಲಿಗೆ! ಇಪ್ಪತ್ತೆರಡು ವರ್ಷ ಸರ್ವೀಸಾದ ಹೆಂಗಸು ನೀನು!”

“ಅವನು ನಿಲ್ತಾನೆ ಅಂತ ನಂಗೇನು ಕನಸು ಬಿದ್ದಿತ್ತಾ? ನಿಂಗೆ ಬಿದ್ದಿತ್ತಾ?”

“ಎಲ್ಲ ಇಳಿಸಬೇಕು ಅಂದ್ರೆ ಎರಡು ಗಂಟೆ. ಅಲ್ಲಿ ಹೋದ್ಮೇಲೆ ಯಾರ ಕೈಲಾದ್ರೂ...”

“ಯಾರು? ನೀನು? ನಿನ್ನ ಪ್ಯಾಂಟಿನ ಗುಂಡಿ ಹಾಕಿಕೊಡೋಳು ನಾನು.”

ಲಾರಿಯ ಚಾಲಕ ಟ್ರೂಮನ್ ಬೀಸ್ಲಿ ಸಾಸೇಜ್ ತುಂಬಿದ ಬನ್ನು ಅಗಿಯುತ್ತ ಇದನ್ನೆಲ್ಲ ಕಿಟಕಿಯಿಂದ ಕೇಳುತ್ತಿದ್ದ. “ನನ್ ಪಕ್ಕದ ಸೀಟು ಖಾಲಿ ಇದೆಯಪ್ಪ,” ಎಂದ. “ಪ್ರತಿ ವರ್ಷಾನೂ ಖಾಲಿ ಇರುತ್ತೆ. ಯಾರೂ ಕೇಳಲ್ಲ.”

ಡಾಯ್ಲ್ ಮತ್ತು ವಿಲೋಡೀನ್ ಒಬ್ಬರ ಮುಖ ಒಬ್ಬರು ನೋಡಿದರು. ಹತ್ತು ದಿನ ಆ ಕಾಗದವನ್ನು ತೂತು ಬೀಳುವಷ್ಟು ಉಜ್ಜಿದ್ದರು. ಲಾರಿಗೂ ಸೀಟಿರುತ್ತದೆ ಎಂದು ಇಬ್ಬರಿಗೂ ಹೊಳೆದಿರಲಿಲ್ಲ. ಅವಳು ಕಾರಿನಿಂದ ಸೂಟ್‌ಕೇಸು ತಂದಳು.

ಇಪ್ಪತ್ತೆರಡು ಗಂಟೆಯ ದಾರಿ. ಅದರಲ್ಲಿ ಹದಿನೈದು ಗಂಟೆ ಟ್ರೂಮನ್ ತನ್ನ ಬೆನ್ನುನೋವಿನ ಬಗ್ಗೆ ಮಾತಾಡಿದ.

ಪಂದ್ಯದ ದಿನ ಅವಳು ಮೈದಾನದ ಅಂಚಿನಲ್ಲಿ, ಬಿಳಿ ಗೆರೆಯಿಂದ ನಾಲ್ಕು ಹೆಜ್ಜೆ ಹಿಂದೆ, ಕತ್ತಿಗೆ ದಾರದುಂಡೆ ನೇತುಹಾಕಿಕೊಂಡು ನಿಂತಿದ್ದಳು. ಆಕಾಶ ಅಷ್ಟು ದೊಡ್ಡದಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಪಟ್ಟಿಯನ್ನು ಹೋಟೆಲಿನ ಕೋಣೆಯಲ್ಲಿ ಕೂತು, ಯಂತ್ರವಿಲ್ಲದೆ, ಕೈಯಲ್ಲೇ ಭದ್ರ ಮಾಡಿದ್ದಳು. ಕೈ ಹೊಲಿಗೆ. ಹಿಡಿದೀತು. ಹಿಡಿಯದೆಯೂ ಹೋದೀತು.

ಸೀಟಿ ಮೊಳಗಿತು. ಇಯೋಸುವ ಎದುರಿನವನ ಎದೆಗೆ ಗುದ್ದಿದ. ಎದುರಿನವನ ಕೈ ಅವನ ಹೆಗಲು ದಾಟಿ ಬೆನ್ನಿಗೆ ಬಂದು, ಬೆರಳುಗಳು ಸರಿಯಾಗಿ ‘ಎಸ್’ ಮೇಲೆ ಕೂತವು. ಸುತ್ತಲಿನವರೆಲ್ಲ ಎದ್ದು ಕೂಗಿದರು. ಚೆಂಡು ಎಲ್ಲೋ ದೂರಕ್ಕೆ ಹೋಗಿತ್ತು, ಯಾರೋ ಹಿಡಿದಿದ್ದರು, ಯಾರೋ ಓಡಿದ್ದರು. ಅವಳು ನೋಡಿದ್ದು ‘ಎಸ್’ ಅನ್ನು. ಅದು ಇತ್ತು.

ಮುಂದಿನ ಮೂರು ಗಂಟೆ ಹೀಗೇ ಸಾಗಿತು. ಚೆಂಡು ಎಡಕ್ಕೆ ಹೋದರೂ ಬಲಕ್ಕೆ ಹೋದರೂ ಅವಳ ಕಣ್ಣು ಹನ್ನೆರಡು ಅಕ್ಷರದ ಮೇಲೆ. ಎರಡನೇ ‘ಎ’ಯ ಕೆಳಗೆ ಒಂದು ದಾರ ಸಡಿಲಾದದ್ದು ಕಂಡು ‘ಅಯ್ಯೋ’ ಎಂದಳು. ಅದೇ ಗಳಿಗೆಯಲ್ಲಿ ನಮ್ಮವರು ಹನ್ನೆರಡು ಗಜ ಮುಂದೆ ಹೋಗಿದ್ದರಿಂದ ಪಕ್ಕದಲ್ಲಿದ್ದ ಛಾಯಾಗ್ರಾಹಕ ಅವಳನ್ನು ವಿಚಿತ್ರವಾಗಿ ನೋಡಿದ.

“ಹೇಗಿದೆ ಆಟ?” ಎಂದು ನಡುವೆ ಡಾಯ್ಲ್ ಬಂದು ಕೇಳಿದ.

“ಗೊತ್ತಿಲ್ಲ. ಎರಡನೇ ಎ ಸ್ವಲ್ಪ ಎದ್ದಿದೆ.”

“ಇಷ್ಟು ಪಾಡು ಪಟ್ಟು ಬಂದಿದೀಯ, ಆಟ ನೋಡೇ!”

“ನೋಡ್ತೀನಿ, ನೋಡ್ತೀನಿ. ಸುಮ್ನಿರು.”

ಕೊನೆಗೆ ಎರಡೂ ಕಡೆ ಸಮ ಸಮ, ನಾಲ್ಕು ಸೆಕೆಂಡು ಉಳಿದಿದೆ, ನಮ್ಮವರು ಕಂಬಗಳ ನಡುವೆ ಚೆಂಡು ಒದೆಯುವುದಕ್ಕೆ ನಿಂತಿದ್ದಾರೆ, ಅದು ಹೋದರೆ ಗೆಲುವು ಎಂದು ಯಾರೋ ಹೇಳಿದರು. ಅಕ್ಷರಗಳು ಹನ್ನೆರಡೂ ಇದ್ದವು. ಇದೊಂದನ್ನು ನೋಡಿಯೇಬಿಡುವುದೆಂದು ವಿಲೋಡೀನ್ ಎರಡೂ ಕೈ ಬಾಯಿಗೆ ಹಿಡಿದು, ಕಾಲ್ಬೆರಳ ತುದಿಯಲ್ಲಿ ನಿಂತು, ಚೆಂಡನ್ನು ಹುಡುಕಿದಳು. ಸಿಕ್ಕಿತು. ಕಂದು ಬಣ್ಣದ್ದು, ಹುಲ್ಲಿನ ಮೇಲೆ, ಅವಳು ನೆನೆಸಿದ್ದಕ್ಕಿಂತ ತೀರಾ ಚಿಕ್ಕದು.

“ಮಿಸ್ ವಿಲೋ! ಮಿಸ್ ವಿಲೋ!”

ನಿಕ್ಸ್. ಅವನ ಜರ್ಸಿ ಕಂಕುಳಿನಿಂದ ಸೊಂಟದವರೆಗೆ ಬಾಯಿ ತೆರೆದುಕೊಂಡಿತ್ತು; ಒಳಗಿನ ಪ್ಯಾಡು ನಾಲಗೆಯಂತೆ ಜೋತಾಡುತ್ತಿತ್ತು. “ಅಂಪೈರ್ ಹೀಗೆ ಬಿಡಲ್ಲ ಅಂತಾರೆ! ಹೆಚ್ಚುವರಿ ಸಮಯ ಆದ್ರೆ ನಾನು ಒಳಗೆ ಹೋಗ್ಬೇಕು!”

“ಎರಡಳತೆ ಚಿಕ್ಕದು ಅಂತ ನಂಗೆ ಗೊತ್ತು, ನಿಂಗೆ ಗೊತ್ತು, ಒಂದು ನಾಲ್ಕು ಸೆಕೆಂಡು ಉಸಿರು ಹಿಡ್ಕೊಂಡಿರಕ್ಕೆ ಆಗ್ಲಿಲ್ವೇನೋ?”

“ಸಾರಿ, ಮಿಸ್ ವಿಲೋ.”

“ಕೈ ಎತ್ತು.”

ಅವನು ಕೈ ಎತ್ತಿದ. ಅವಳು ತಲೆ ಬಗ್ಗಿಸಿ ಸೂಜಿ ತೂರಿಸಿದಳು. ಒಂದು, ಎರಡು, ಮೂರು. ಎಲ್ಲೋ ಕಾಲು ಚೆಂಡಿಗೆ ತಾಗಿದ ಸದ್ದು ದಪ್ಪನೆ ಕೇಳಿತು. ಆಮೇಲೆ ಅವಳ ತಲೆಯ ಮೇಲೆ, ಸುತ್ತಲೂ, ಕಾಲಡಿಯಲ್ಲಿ, ಎಪ್ಪತ್ತು ಸಾವಿರ ಜನರ ಸದ್ದು ಒಮ್ಮೆಗೇ ಎದ್ದಿತು. ಇಲ್ಲಿ ಛಾವಣಿಯಿಲ್ಲ, ಪುಡಿ ಉದುರುವುದಿಲ್ಲ. ಕಾಲುಗಳ ಸದ್ದಿನಿಂದ ಏನೂ ತಿಳಿಯಲಿಲ್ಲ.

“ಏನಾಯ್ತು?” ಎಂದಳು ಹಲ್ಲಿನ ನಡುವೆ ದಾರ ಕಚ್ಚಿ.

“ಗೊತ್ತಿಲ್ಲ, ಮಿಸ್ ವಿಲೋ. ನಾನೂ ಈ ಕಡೆ ತಿರುಗಿದ್ದೆ.” ಅವನು ಕತ್ತು ತಿರುಗಿಸಲು ಹೋದ.

“ಅಲ್ಲಾಡ್ಬೇಡ,” ಎಂದಳು ವಿಲೋಡೀನ್. “ಇನ್ನೂ ಎರಡು ಹೊಲಿಗೆ ಇದೆ.”