ಕೂತು ಹೋದವಳು

ರೈಲು ಹಿಂದೂಪುರ ಬಿಟ್ಟು ಪೆನುಕೊಂಡದ ಬೆಟ್ಟ ಕಾಣುವ ಹೊತ್ತಾದರೂ ಸ್ಪಂದನ ತನ್ನ ಸ್ಕೂಲ್ ಬ್ಯಾಗನ್ನು ತೊಡೆಯಿಂದ ಇಳಿಸಲು ಒಪ್ಪಲಿಲ್ಲ. ಬೇಸಿಗೆ ರಜೆಯಲ್ಲಿ ಹೈದರಾಬಾದು ನೋಡಲು ಹೊರಟವಳಿಗೆ ಸ್ಕೂಲ್ ಬ್ಯಾಗ್ ಯಾಕೆ ಎಂದು ಅಣ್ಣ ವಾಗೀಶ ರೇಗಿಸಿದ. ಬಿಸ್ಕತ್ ಪೊಟ್ಟಣ ಇಡಲೆಂದು ಅಪ್ಪ ರುದ್ರೇಶ್ ಬ್ಯಾಗಿನ ಬಾಯಿ ತೆರೆದ. ಒಳಗೆ ಪುಸ್ತಕವಿರಲಿಲ್ಲ. ಹಳೆಯ ತೆಲುಗು ಪೇಪರಿನಲ್ಲಿ ಸುತ್ತಿದ ಗಂಟೊಂದಿತ್ತು. ಬಿಚ್ಚಿ ನೋಡಿದರೆ ಹಸಿರು ಪಟ್ಟಿಯ ಒಂದು ಜೊತೆ ಹೆಂಗಸರ ಚಪ್ಪಲಿ.

ಆ ಚಪ್ಪಲಿ ಯಾರದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಇದ್ಯಾಕಮ್ಮ ತಂದೆ?"

"ಅಮ್ಮ ಬರಿಗಾಲಲ್ಲಿ ಹೋದ್ಲಲ್ಲಪ್ಪ. ಸಿಟೀಲಿ ರೋಡು ಕಾಲು ಸುಡ್ತದೆ."

ರುದ್ರೇಶ್ ಎದುರು ಸೀಟಿನಲ್ಲಿದ್ದ ತಾಯಿಯ ಮುಖ ನೋಡಿದ. ನಿರ್ಮಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದಳು. ವಾಗೀಶ ಮೇಲಿನ ಬರ್ತಿಗೆ ಹತ್ತಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಅವನಿಗಿನ್ನೂ ಒಂಬತ್ತು ವರ್ಷ. ರುದ್ರೇಶ್ ಗಂಟನ್ನು ಮೊದಲಿದ್ದ ಹಾಗೆಯೇ ಸುತ್ತಿ ಬ್ಯಾಗಿನೊಳಗೆ ಇಟ್ಟ.

ರುದ್ರೇಶನ ಹೆಂಡತಿ ಮಂಗಳಗೌರಿ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಕಾಮಾಲೆ ಏರಿ ಹಿಂದೂಪುರದಲ್ಲಿ ಪ್ರಾಣ ಹೋಯಿತು. ರುದ್ರೇಶನಿಗೆ ಅಲ್ಲಿ ಹುಣಸೆಹಣ್ಣಿನ ಮಂಡಿಯಿದ್ದರೂ ಹುಟ್ಟೂರು ಕಲ್ಯಾಣದುರ್ಗ. ಅಲ್ಲಿಗೇ ಒಯ್ದು ಮಣ್ಣು ಮಾಡಿದರು. ಅವರದು ಲಿಂಗವಂತರ ಮನೆ. ಈ ಮನೆಗಳಲ್ಲಿ ಹೋದವರನ್ನು ಮಲಗಿಸಿ ಒಯ್ಯುವುದಿಲ್ಲ. ಸ್ನಾನ ಮಾಡಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಒಳ್ಳೆಯ ಸೀರೆ ಉಡಿಸಿ, ಚಕ್ಕಳಮಕ್ಕಳ ಹಾಕಿಸಿ ಗೋಡೆಗೆ ಆನಿಸಿ ಕೂರಿಸುತ್ತಾರೆ. ಆಮೇಲೆ ಬಿದಿರು ಕಟ್ಟಿ ಬಾಳೆಕಂದು ನಿಲ್ಲಿಸಿದ ಹೂವಿನ ಮಂಟಪದಲ್ಲಿ ಕೂತಂತೆಯೇ ಹೊರಡುತ್ತಾರೆ. ಭಜನೆ ಇರುತ್ತದೆ, ವಾದ್ಯ ಇರುತ್ತದೆ. ಮಣ್ಣಿನಲ್ಲೂ ಕೂತಂತೆಯೇ ಇಳಿಸಿ ಮೇಲೆ ಗದ್ದಿಗೆ ಕಟ್ಟುತ್ತಾರೆ. ಸತ್ತರು ಎನ್ನುವುದಿಲ್ಲ, ಶಿವನಲ್ಲಿ ಕೂಡಿಕೊಂಡರು ಎನ್ನುತ್ತಾರೆ. ದೊಡ್ಡವರಿಗೆ ಇದರಲ್ಲಿ ಸಮಾಧಾನವಿದೆ. ಮಕ್ಕಳಿಗೆ ಏನು ತೋರುತ್ತದೆ ಎಂದು ಯಾರೂ ಕೇಳಲು ಹೋಗುವುದಿಲ್ಲ.

ಆ ದಿನ ಕಲ್ಯಾಣದುರ್ಗದಲ್ಲಿ ಸ್ಪಂದನಳನ್ನು ಪಕ್ಕದ ಮನೆಯ ನಾಗಕ್ಕನ ಹತ್ತಿರ ಬಿಟ್ಟಿದ್ದರು. ವಾದ್ಯದ ಸದ್ದು ಕೇಳಿ ಮಗು ಓಡಿ ಬಂತು. ಅಜ್ಜಿಯ ಸೀರೆ ಹಿಡಿದು, ಅಮ್ಮ ಎಲ್ಲಿಗೆ ಹೋಗುತ್ತಿದ್ದಾಳೆ ಎಂದು ಕೇಳಿತು. ನಿರ್ಮಲಮ್ಮನಿಗೆ ಬಾಯಿಗೆ ಬಂದದ್ದು ಒಂದೇ ಮಾತು: "ದೊಡ್ಡೂರಿಗೆ ಕಣಮ್ಮ."

ಅಳುವ ಹೊತ್ತಿನಲ್ಲಿ ಆಡಿದ ಮಾತು, ನಾಳೆ ಮರೆತುಹೋಗುತ್ತದೆ ಎಂದುಕೊಂಡರು. ಮರೆಯಲಿಲ್ಲ. ದೊಡ್ಡೂರು ಯಾವ ಕಡೆ, ರಜೆಯಲ್ಲಿ ಹೋಗೋಣವಾ, ರೈಲಾ ಬಸ್ಸಾ ಎಂದು ಮಗು ಕೇಳುತ್ತಲೇ ಹೋಯಿತು. ಮನೆಯವರು "ಹ್ಞೂ ಹ್ಞೂ" ಎಂದು ತಳ್ಳುತ್ತಲೇ ಹೋದರು. ಹೈದರಾಬಾದಿನ ಹೆಸರು ಕೇಳಿದಾಗ ಅದೇ ದೊಡ್ಡೂರೆಂದು ಮಗು ತಾನೇ ಎಣಿಸಿಕೊಂಡಿತು. ವಾಗೀಶನಿಗೆ ಎಲ್ಲ ಗೊತ್ತಿತ್ತು. ಪಾಪುಗೆ ಏನೂ ಹೇಳಬೇಡ ಎಂದು ಅವನ ಬಾಯಿ ಕಟ್ಟಿದ್ದರು. ಅವನೂ ಜಾಣ, ಎಷ್ಟು ಚೆನ್ನಾಗಿ ಕಟ್ಟಿಕೊಂಡನೆಂದರೆ ಆ ವರ್ಷವೆಲ್ಲ ಅವನು ಅತ್ತದ್ದನ್ನು ಮನೆಯಲ್ಲಿ ಯಾರೂ ನೋಡಲಿಲ್ಲ.

ಈಗ ಮುಂದಿನ ಸೋಮವಾರ ಕಲ್ಯಾಣದುರ್ಗದಲ್ಲಿ ವರ್ಷದ ಪೂಜೆ. ನೆಂಟರೆಲ್ಲ ಬರುತ್ತಾರೆ, ಮಕ್ಕಳು ಗದ್ದಿಗೆಗೆ ಹೂವು ಏರಿಸಬೇಕು. ರುದ್ರೇಶನ ತಂದೆ ರೇವಣಪ್ಪ ಮಾತಿನಲ್ಲಿ ಬಿಗಿ ಮನುಷ್ಯ. ಕಲ್ಯಾಣದುರ್ಗದಿಂದ ಫೋನ್ ಮಾಡಿ ಹೇಳಿದ್ದು ಇಷ್ಟೆ: "ಅಷ್ಟ್ರೊಳಗೆ ಮಗೀಗೆ ಹೇಳ್ಬುಡು ಕಣಪ್ಪ. ನೆಂಟ್ರ ಬಾಯಿಂದ ಗೊತ್ತಾಗೋದು ಬ್ಯಾಡ."

ರುದ್ರೇಶ್ ಒಪ್ಪಿದ. ಮಂಡಿಯಲ್ಲಿ ಎಂಥ ರೈತನೊಂದಿಗೂ ಮುಖ ಕೊಟ್ಟು ಮಾತಾಡುವವನಿಗೆ ಮಗಳ ಮುಂದೆ ಮಾತ್ರ ನಾಲಿಗೆ ಏಳುತ್ತಿರಲಿಲ್ಲ. ಹೈದರಾಬಾದಿನಲ್ಲಿ ಆನೆ ಹುಲಿ ತೋರಿಸಿ, ಐಸ್‌ಕ್ರೀಮ್ ಕೊಡಿಸಿ, ಮಗು ನಗುತ್ತಿರುವಾಗ ಮೆಲ್ಲಗೆ ಹೇಳಿದರಾಯಿತು ಎಂದುಕೊಂಡ. ಕಹಿ ಗುಳಿಗೆಯನ್ನು ಬೆಲ್ಲದಲ್ಲಿ ಸುತ್ತಿ ನುಂಗಿಸುವ ಉಪಾಯ. ಮಗು ಬೆಲ್ಲ ತಿಂದು ಗುಳಿಗೆ ಉಗುಳುತ್ತದೆ ಎಂಬುದು ಇಬ್ಬರು ಮಕ್ಕಳ ತಂದೆಗೆ ಗೊತ್ತಿರಬೇಕಾಗಿತ್ತು.

ಮೊದಲ ದಿನ ಮೃಗಾಲಯಕ್ಕೆ ಹೋದರು. ವಾಗೀಶ ಬಿಳಿ ಹುಲಿಯ ಮುಂದಿನಿಂದ ಕದಲಲಿಲ್ಲ. ಸ್ಪಂದನಳಿಗೆ ಹುಲಿ ಬೇಕಾಗಿರಲಿಲ್ಲ. ಅವಳು ಹುಲಿ ನೋಡಲು ಬಂದ ಹೆಂಗಸರನ್ನು ನೋಡುತ್ತಿದ್ದಳು. ಹಿಂದಿನಿಂದ ಒಬ್ಬಳ ಜಡೆ ಕಂಡರೆ ಓಡಿಹೋಗಿ ಮುಂದಿನಿಂದ ಮುಖ ನೋಡಿ ಸುಮ್ಮನೆ ವಾಪಸು ಬರುತ್ತಿದ್ದಳು. ಹೇಳೋಣವೆಂದು ರುದ್ರೇಶ್ ಎರಡು ಸಲ ಬಗ್ಗಿದ. ಎರಡು ಸಲವೂ ಅವಳ ಮೂಗು ಒರೆಸಿ ಎದ್ದ.

ಮರುದಿನ ಸಾಲಾರ್‌ಜಂಗ್ ಮ್ಯೂಸಿಯಂ. ಅಲ್ಲಿನ ದೊಡ್ಡ ಗಡಿಯಾರದ ಮುಂದೆ ಊರೂರಿನ ಜನ ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಂಡು ಕಾಯುತ್ತಿದ್ದರು. ಗಂಟೆಯಾಗುತ್ತಿದ್ದಂತೆ ಪುಟ್ಟ ಬಾಗಿಲಿನಿಂದ ಗೊಂಬೆ ಮನುಷ್ಯ ಹೊರಗೆ ಬಂದು ಗಂಟೆ ಬಾರಿಸಿ ಒಳಗೆ ಹೋದ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು.

"ತಿರ್ಗಾ ಬತ್ತಾನಾ?" ಎಂದು ಸ್ಪಂದನ ಕೇಳಿದಳು.

"ಬತ್ತಾನೆ ಕಣಮ್ಮ. ಇನ್ನೊಂದ್ ಗಂಟೆಗೆ."

"ಅಮ್ಮ ಇರೋದು ಇಲ್ಲೇನಾ? ಇಂಥ ಮನೇಲಾ?"

ನಿರ್ಮಲಮ್ಮ ಮಗನನ್ನು ಕಂಬದ ಮರೆಗೆ ಕರೆದಳು.

"ನಾನು ಅವತ್ತು ಹಂಗಂದ್ಬುಟ್ಟೆ, ತಪ್ಪು ನಂದೇ. ಆದ್ರೆ ಬಿಡ್ಸೋನು ನೀನೇ ಕಣಪ್ಪ. ನನ್ ಕೈಲಾಗಲ್ಲ."

"ನಾಳೆ ಹೇಳ್ತೀನಿ," ಎಂದ ರುದ್ರೇಶ್.

ಆ ನಾಳೆ ಅವರು ಪಬ್ಲಿಕ್ ಗಾರ್ಡನ್ಸ್ ಒಳಗಿರುವ ಇನ್ನೊಂದು ಮ್ಯೂಸಿಯಂಗೆ ಹೋದರು. ವಾಗೀಶನದೇ ಹಟ. ಈಜಿಪ್ಟಿನ ಮಮ್ಮಿ ಅಲ್ಲಿದೆಯೆಂದು ಅವನ ಮೇಷ್ಟರು ಹೇಳಿದ್ದರಂತೆ. ಮಂದ ಬೆಳಕಿನ ಕೋಣೆ, ನಡುವೆ ಗಾಜಿನ ಪೆಟ್ಟಿಗೆ, ಅದರೊಳಗೆ ಬಟ್ಟೆ ಸುತ್ತಿ ಮಲಗಿಸಿದ ಪುಟ್ಟ ದೇಹ. ಗದ್ದಲ ಮಾಡುತ್ತ ಬಂದ ಮಕ್ಕಳೂ ಅಲ್ಲಿ ತಾವಾಗಿ ದನಿ ತಗ್ಗಿಸುತ್ತಿದ್ದರು. ವಾಗೀಶ ಗಾಜಿಗೆ ಹಣೆ ಒತ್ತಿ ನಿಂತ. ಕೆಳಗಿನಿಂದ ಏನೂ ಕಾಣದೆ ಸ್ಪಂದನ ಕೈ ಎತ್ತಿದಳು. ರುದ್ರೇಶ್ ಎತ್ತಿಕೊಂಡ.

"ಇದು ಯಾರಪ್ಪ?"

"ಒಬ್ಳು ಹುಡ್ಗಿ ಕಣಮ್ಮ. ಬೋ ಹಿಂದಿನ ಕಾಲ್ದೋಳು. ಸತ್ತೋದ್ಲು."

ಮಗು ಬಹಳ ಹೊತ್ತು ನೋಡಿತು. "ಹ್ಞೂ. ಮಲ್ಗಿಸವ್ರೆ. ನಾಗಕ್ಕನ ಮಾವನ್ನೂ ಹಿಂಗೇ ಮಲ್ಗಿಸ್ಕೊಂಡು ಹೋದ್ರು."

ರುದ್ರೇಶನಿಗೆ ಈಗಲೇ ಹೇಳಿಬಿಡಬೇಕು ಅನ್ನಿಸಿತು. ಬಾಯಿ ತೆರೆಯುವ ಮೊದಲೇ ಕಣ್ಣಲ್ಲಿ ನೀರು ತುಂಬಿತು. ಸ್ಪಂದನ ಅದನ್ನು ನೋಡಿ ತನ್ನ ಅಂಗೈಯಿಂದ ಅವನ ಕೆನ್ನೆ ಒರೆಸಿದಳು. ದೊಡ್ಡವರು ಚಿಕ್ಕವರಿಗೆ ಹೇಳುವ ದನಿಯಲ್ಲಿ ಹೇಳಿದಳು.

"ಅಳ್ಬ್ಯಾಡಪ್ಪ. ಅಮ್ಮ ಸತ್ತಿಲ್ಲ. ಅಮ್ಮ ಕೂತಿದ್ಲು."

ಇಷ್ಟು ದಿನ ಮಗು ಅಜ್ಜಿಯ ಸುಳ್ಳನ್ನು ನಂಬಿದೆ ಎಂದು ಮನೆಯವರೆಲ್ಲ ತಿಳಿದಿದ್ದರು. ಅದು ನಂಬಿದ್ದು ಸುಳ್ಳನ್ನಲ್ಲ, ತನ್ನ ಕಣ್ಣನ್ನು. ಸತ್ತವರು ಮಲಗಿರುತ್ತಾರೆ, ಅಮ್ಮ ಕೂತಿದ್ದಳು. ಐದು ವರ್ಷದ ಮಗುವಿನ ಈ ನ್ಯಾಯದಲ್ಲಿ ಎಲ್ಲಿ ತಪ್ಪು ಹುಡುಕುವುದು?

"ನಾನು ಕೇಳ್ದೆ," ಎಂದು ಸ್ಪಂದನ ಮುಂದುವರಿಸಿದಳು. "ನಾನೂ ಬರ್ಲಾ ಅಂತ ಕೇಳ್ದೆ. ಅಮ್ಮ ಹ್ಞೂ ಅಂತ ತಲೆ ಆಡ್ಸಿದ್ಲು."

ರುದ್ರೇಶ್ ಅವಳನ್ನು ಎತ್ತಿಕೊಂಡೇ ಹೊರಗೆ ನಡೆದುಬಿಟ್ಟ. ಬಾಗಿಲಲ್ಲಿದ್ದ ಕಾವಲಿನವನು "ಪಾಪ ಭಯಪಡಿಂದಾ ಸಾರ್?" ಎನ್ನುತ್ತ, ಮಗು ಹೆದರಿತೇ ಎಂದು ತೆಲುಗಿನಲ್ಲಿ ಕೇಳಿದ. ತೋಟದ ಬೇವಿನ ಮರದ ಕೆಳಗೆ ಒಂದು ಬೆಂಚಿತ್ತು. ಹಿಂದೆಯೇ ಬಂದ ನಿರ್ಮಲಮ್ಮ ಬೆಂಚಿನ ತುದಿಯಲ್ಲಿ ಕುಸಿದು ಕೂತಳು. ಜೊತೆಗೆ ಬಂದ ವಾಗೀಶ ನಿಂತೇ ಇದ್ದ.

ಆ ತಲೆಯಾಡಿಸಿದ್ದು ರುದ್ರೇಶನಿಗೆ ಚೆನ್ನಾಗಿ ನೆನಪಿತ್ತು. ಅಂದು ಮಂಟಪದ ಹಿಂದೆ ನಿಂತು, ಹೂವಿನ ಹಾರದ ಮರೆಯಲ್ಲಿ ಹೆಂಡತಿಯ ಕತ್ತನ್ನು ಅಂಗೈಯಲ್ಲಿ ಹಿಡಿದುಕೊಂಡವನು ಅವನೇ. ನಾಲ್ಕು ಜನ ಹೆಗಲು ಕೊಟ್ಟು ಎತ್ತುವಾಗ ಒಂದು ಕಡೆ ತಗ್ಗಿತು. ಕೈ ಜಾರಿ ಅವಳ ತಲೆ ಮುಂದಕ್ಕೆ ವಾಲಿತು. ಅವನು ತಟ್ಟನೆ ಹಿಡಿದು ಹಿಂದಕ್ಕೆ ತಂದ. ಯಾರೂ ಗಮನಿಸಲಿಲ್ಲ ಎಂದುಕೊಂಡಿದ್ದ. ಕೆಳಗೆ ಒಂದು ಮಗು ಪ್ರಶ್ನೆ ಕೇಳಿ ಉತ್ತರಕ್ಕಾಗಿ ಕತ್ತೆತ್ತಿ ನಿಂತಿತ್ತು ಎಂಬುದು ಅವನಿಗೆ ಹೇಗೆ ಗೊತ್ತಾಗಬೇಕು?

ಸುಳ್ಳನ್ನು ಬಿಡಿಸುವುದು ಬೇರೆ. ಅಮ್ಮ ಕೊನೆಗೆ ಕೊಟ್ಟ ಒಪ್ಪಿಗೆಯನ್ನು ಮಗುವಿನ ಕೈಯಿಂದ ಕಿತ್ತುಕೊಳ್ಳುವುದು ಬೇರೆ. ಅದನ್ನು ಬಿಟ್ಟುಬಿಡಲೇ ಎಂದು ಒಂದು ಕ್ಷಣ ಯೋಚಿಸಿದ. ಬಿಟ್ಟರೆ ಇವಳು ಬದುಕಿರುವಷ್ಟು ದಿನ ಊರೂರಿನ ಹೆಂಗಸರ ಮುಖ ನೋಡುತ್ತ ತಿರುಗುತ್ತಾಳೆ ಅನ್ನಿಸಿತು. ಅವಳನ್ನು ಬೆಂಚಿನ ಮೇಲೆ ಕೂರಿಸಿ ತಾನು ನೆಲದ ಮೇಲೆ ಕೂತ.

"ಸ್ಪಂದೂ, ನಮ್ಮನೇಲಿ ಸತ್ತೋರನ್ನೂ ಕೂರ್ಸೇ ಕರ್ಕೊಂಡು ಹೋಗೋದು ಕಣಮ್ಮ. ನಮ್ಮೋರು ಹಂಗೇ. ನನ್ ತಾತನ್ನೂ ಹಂಗೇ ಕೂರ್ಸಿದ್ರು. ಮುಂದೆ ನನ್ನೂ ಹಂಗೇ ಕೂರ್ಸ್ತಾರೆ. ಅಮ್ಮ ಕೂತಿದ್ಲು, ಖರೆ. ಆದ್ರೆ ಅಮ್ಮ ಸತ್ತೋಗಿದ್ಲು."

"ತಲೆ ಆಡ್ಸಿದ್ಲಲ್ಲ."

"ಅಮ್ಮ ಆಡ್ಸಿದ್ದಲ್ಲಮ್ಮ. ನಾನು ಹಿಂದೆ ನಿಂತು ಹಿಡ್ಕೊಂಡಿದ್ದೆ. ನನ್ ಕೈ ಜಾರ್ತು."

ಸ್ಪಂದನ ಅವನ ಕೈಯನ್ನು ನೋಡಿದಳು. ಹುಣಸೆಹಣ್ಣು ಹಿಡಿದು ಹಿಡಿದು ಉಗುರಿನ ಸಂದು ಕಪ್ಪಗಾದ ಬಲಗೈ. ಅದನ್ನು ತಿರುಗಿಸಿ ಅಂಗೈಯನ್ನೂ ನೋಡಿದಳು.

"ಈ ಕೈಯಾ?"

"ಹ್ಞೂ."

"ಹಂಗಾದ್ರೆ ಅಮ್ಮ ಬಾ ಅನ್ಲಿಲ್ವಾ?"

"ಇಲ್ಲ ಕಣಮ್ಮ. ಅಮ್ಮಂಗೆ ನೀನ್ ಕೇಳಿದ್ದು ಕೇಳಿಸ್ಲಿಲ್ಲ."

ಅವಳು ಅಳುತ್ತಾಳೆ ಎಂದು ರುದ್ರೇಶ್ ಎರಡೂ ಕೈ ಚಾಚಿದ. ಅತ್ತದ್ದು ಅವಳಲ್ಲ, ವಾಗೀಶ. ನಿಂತಲ್ಲೇ ಬಾಯಿ ತೆರೆದು, ದನಿ ಒಡೆದು, ಹೋಗಿಬರುವ ಜನ ತಿರುಗಿ ನೋಡುವ ಹಾಗೆ ಅತ್ತ. ವರ್ಷದ ಅಳು ಒಂದೇ ಸಲಕ್ಕೆ ಬಂತು. ಅಜ್ಜಿ ಎದ್ದು ಅವನನ್ನು ಸೆರಗಿನೊಳಗೆ ಎಳೆದುಕೊಂಡಳು. ತಂಗಿ ಅಣ್ಣನನ್ನೇ ನೋಡುತ್ತಿದ್ದಳು.

"ಅಣ್ಣಂಗೆ ಗೊತ್ತಿತ್ತಾ?"

"ಗೊತ್ತಿತ್ತು. ಹೇಳ್ಬ್ಯಾಡ ಅಂತ ನಾವೇ ಅಂದಿದ್ವಿ."

ಅವಳು ಬೆಂಚಿನಿಂದ ಇಳಿದು ಅಣ್ಣನ ಅಂಗಿ ಹಿಡಿದು ನಿಂತಳು. ಆಮೇಲೆ ಅವಳೂ ಅತ್ತಳು. ಐಸ್‌ಕ್ರೀಮಿನ ಗಾಡಿಯವನು ಹತ್ತಿರ ಬಂದವನು ಇವರನ್ನು ನೋಡಿ ಗಾಡಿಯನ್ನು ಇನ್ನೊಂದು ಕಡೆ ತಳ್ಳಿಕೊಂಡು ಹೋದ.

ಬಾಕಿ ಉಳಿದಿದ್ದ ಚಾರ್‌ಮಿನಾರ್ ಅವರು ನೋಡಲಿಲ್ಲ. ವಾಪಸಾಗುವ ರೈಲಿನಲ್ಲಿ ಸ್ಪಂದನ ಯಾವ ಹೆಂಗಸಿನ ಮುಖವನ್ನೂ ನೋಡಲು ಹೋಗಲಿಲ್ಲ. ರುದ್ರೇಶನಿಗೆ ಅದೇ ಹೆಚ್ಚು ಸಂಕಟವಾಯಿತು.

ಸೋಮವಾರ ಕಲ್ಯಾಣದುರ್ಗದಲ್ಲಿ ಬಿಸಿಲು ಬೇಗ ಏರಿತು. ಊರಾಚೆ ಅವರ ಹೊಲದ ಮೂಲೆಯಲ್ಲಿ ಗದ್ದಿಗೆ, ಸುತ್ತ ಮೋಟು ಗೋಡೆ, ಒಂದು ಕಬ್ಬಿಣದ ಗೇಟು. ನೆಂಟರೆಲ್ಲ ಗೇಟಿನಾಚೆ ಚಪ್ಪಲಿ ಬಿಟ್ಟು ಒಳಗೆ ಹೋದರು. ಸ್ಪಂದನ ಸ್ಕೂಲ್ ಬ್ಯಾಗ್ ಹಾಕಿಕೊಂಡೇ ಬಂದಿದ್ದಳು. ಅಳಬೇಡ ಎಂದು ಯಾರೋ ನೆಂಟರು ತಲೆ ಸವರಿದರು. ಅವಳು ಅಳುತ್ತಿರಲಿಲ್ಲ. ತಾತ ರೇವಣಪ್ಪ ಕೈಹಿಡಿದು ಗದ್ದಿಗೆಯ ಹತ್ತಿರ ಕರೆದೊಯ್ದು ಕೈಗೆ ಹೂವು, ಬಿಲ್ವಪತ್ರೆ ಕೊಟ್ಟ.

"ತಾತ, ಅಮ್ಮ ಇದ್ರೊಳಗೆ ಕೂತೇ ಅವ್ಳಾ?"

ಬಿಗಿ ಮಾತಿನ ರೇವಣಪ್ಪ ತಡವರಿಸಿದ. "ಹ್ಞೂ ಕಣವ್ವ. ಕೂತೇ ಅವ್ಳೆ."

"ಯಾವ ಕಡೆ ಮಖ?"

ಅವನು ತೋರಿಸಿದ. ಅವಳು ಆ ಕಡೆಗೆ ಬಂದು, ಎದುರಿಗೆ ನಿಂತು ಹೂವು ಇಟ್ಟಳು. ಪಕ್ಕದಲ್ಲಿ ವಾಗೀಶ ಇಟ್ಟ. ಪೂಜೆ ಮುಗಿಯಿತು. ಪ್ರಸಾದ ಹಂಚಿದರು. ಅಷ್ಟರಲ್ಲಿ ಅವಳು ಯಾವಾಗ ಗೇಟಿನ ಹತ್ತಿರ ಹೋಗಿ ಬಂದಳೋ ಯಾರೂ ನೋಡಲಿಲ್ಲ.

ಬಿಸಿಲಿಗೆ ಹೆದರಿ ನೆಂಟರು ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿಕೊಂಡು ಊಟಕ್ಕೆ ಮನೆಯ ಕಡೆ ಹೊರಟರು. ಕೊನೆಗೆ ಬಂದ ರುದ್ರೇಶ್ ತನ್ನದನ್ನು ಹಾಕಿಕೊಂಡು ನೋಡುತ್ತಾನೆ, ಗೇಟಿನ ಪಕ್ಕ ಒಂದು ಜೊತೆ ಉಳಿದಿದೆ. ಹಸಿರು ಪಟ್ಟಿ. ಎರಡನ್ನೂ ಒತ್ತಾಗಿ ಜೋಡಿಸಿ ಇಟ್ಟಿದ್ದಳು. ನೆಂಟರು ಏನಂದುಕೊಂಡಾರು ಎಂದು ಅವನು ಎತ್ತಿಕೊಳ್ಳಲು ಬಗ್ಗಿದ.

ಸ್ಪಂದನ ಅವನ ಕೈ ಹಿಡಿದಳು.

"ಅಲ್ಲೇ ಇರ್ಲಿ ಬಿಡಪ್ಪ. ಅಮ್ಮ ಒಳಗವ್ಳೆ."